ವಾಲಿದ ಗರಿ

ಗರಿ ವಾಲಿತ್ತು. ಅದರಲ್ಲಿ ಎರಡು ಮಾತಿಲ್ಲ. ಗರಿಯಮ್ಮ ಶಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಮೇಜಿನ ಮೇಲೆ ಹಾಸಿ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಕೆಳಗಿನ ಅರ್ಧದ ಗರಿಗಳೆಲ್ಲ ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ಅಲ್ಲಿಂದ ಮೇಲಿನವು ಮಾತ್ರ ಯಾರೋ ತಳ್ಳಿದಂತೆ ಒಂದೇ ಕಡೆಗೆ ಓರೆ. ಬಿಚ್ಚಿ ಹೆಣೆದದ್ದು ಇದೇ ಮೊದಲಲ್ಲ. ಎಷ್ಟು ಸಲ ಅಂತ ಕೇಳಬೇಡಿ, ಅವಳೇ ಲೆಕ್ಕ ಬಿಟ್ಟಿದ್ದಳು.

ಗರಿಯಮ್ಮ ಅನ್ನುವುದು ಹೆತ್ತವರಿಟ್ಟ ಹೆಸರೇನಲ್ಲ. ಈ ಮನೆಗೆ ಬಂದ ಹೊಸದರಲ್ಲಿ, ಕೂತಲ್ಲಿ ನಿಂತಲ್ಲಿ ಗರಿಯ ನಮೂನೆಯ ಜಾಲರಿ ಶಾಲು ಹೆಣೆಯುತ್ತಿದ್ದವಳನ್ನು ಕಂಡು ಭಾವ ಇಟ್ಟ ಅಡ್ಡಹೆಸರು. ಭಾವ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಉಳಿದುಕೊಂಡಿತು. ಭಾವನ ಹೆಂಡತಿ, ಅಂದರೆ ಇವಳ ಓರಗಿತ್ತಿ, ಕೆಳಗಿನ ಮನೆಯಲ್ಲಿ. ಇವಳೂ ಇವಳ ಗಂಡನೂ ಮಹಡಿಯ ಮೇಲೆ. ಓರಗಿತ್ತಿಯನ್ನು ಇವಳು ಕರೆಯುವುದು ಅಕ್ಕ ಎಂದು. ಅಕ್ಕ ನೂಲುವವಳು, ಇವಳು ಹೆಣೆಯುವವಳು. ಅಕ್ಕನ ಕದಿರಿನಿಂದ ಇಳಿಯುವ ಉಣ್ಣೆಯ ಒಂಟಿ ಎಳೆ ಕೂದಲಿಗಿಂತ ತುಸು ದಪ್ಪ, ಅಷ್ಟೇ. ಆ ಎಳೆಯಲ್ಲಿ ಇವಳು ಹೆಣೆದ ಶಾಲು ಬೆರಳಿನ ಉಂಗುರದೊಳಗೆ ತೂರಿ ಆಚೆ ಬರುತ್ತಿತ್ತು. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎಂದು ನಂಬಿರುವ ಲೋಕದಲ್ಲಿ ಇವರಿಬ್ಬರೂ ಒಬ್ಬರ ಕೈಕೆಲಸಕ್ಕೆ ಒಬ್ಬರು ಜೋತುಬಿದ್ದು ಬದುಕಿದ್ದರು. ಹಾಗಂತ ಜಗಳವೇ ಇರಲಿಲ್ಲ ಅಂದುಕೊಳ್ಳಬೇಡಿ. ಬೇಕಾದಷ್ಟಿತ್ತು. ಆದರೆ ನೂಲಿನ ಲಡಿಯನ್ನು ಉಂಡೆ ಸುತ್ತುವ ಹೊತ್ತಿಗೆ ಮುಗಿದಿರಬೇಕಿತ್ತು, ಯಾಕೆಂದರೆ ಆ ಕೆಲಸಕ್ಕೆ ಇಬ್ಬರು ಬೇಕು. ಅಕ್ಕ ಎರಡೂ ಕೈ ಚಾಚಿ ಲಡಿಯನ್ನು ಹಿಡಿದು ಕೂತರೆ ಇವಳು ಎದುರಿಗೆ ಕೂತು ಉಂಡೆ ಸುತ್ತುವಳು. ಊರಿನ ಸುದ್ದಿಯೆಲ್ಲ ಆ ಎಳೆಯ ಜೊತೆಗೇ ಬಿಚ್ಚಿಕೊಳ್ಳುತ್ತಿತ್ತು.

ಈಗಿನ ಶಾಲು ಅಕ್ಕನ ಮಗಳಿಗೆ ಹುಟ್ಟಲಿರುವ ಕೂಸಿಗೆ. ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು, ದಿನ ತುಂಬುತ್ತಾ ಬಂದಿತ್ತು. ಗರಿಯಮ್ಮನಿಗೆ ಸ್ವಂತ ಮಕ್ಕಳಿಲ್ಲ. ಆ ಹುಡುಗಿ ಅಕ್ಕನ ಸೊಂಟದ ಮೇಲೆ ಎಷ್ಟು ಬೆಳೆದಳೋ ಚಿಕ್ಕಮ್ಮನ ಸೊಂಟದ ಮೇಲೂ ಅಷ್ಟೇ ಬೆಳೆದವಳು. ಅವಳ ಕೂಸಿಗೆ ವಾಲಿದ ಗರಿ ಹೊದಿಸುವುದುಂಟೇ?

ಆದರೆ ಗರಿಯಮ್ಮನ ಎದೆಯಲ್ಲಿ ಕೂತಿದ್ದ ಭಯ ಶಾಲಿನದಲ್ಲ. ಅವಳ ತಾಯಿಯೂ ಹೆಣೆಯುತ್ತಿದ್ದಳು. ಒಂದು ವರ್ಷ ಆಕೆ ಕಾಲುಚೀಲ ಹೆಣೆಯಲು ಕೂತು, ಹಿಮ್ಮಡಿ ತಿರುಗಿಸುವುದನ್ನೇ ಮರೆತು ಹೆಣೆಯುತ್ತಾ ಹೋದಳು. ತೋಳುದ್ದದ ಕೊಳವೆಯಾಯಿತು. ಮನೆಯವರು ನಕ್ಕರು, ಆಕೆಯೂ ನಕ್ಕಳು. ಮುಂದೆ ಒಲೆ ಆರಿಸುವುದು ಮರೆತಳು, ದಾರಿ ಮರೆತಳು, ಕೊನೆಗೆ ಮಗಳನ್ನೇ "ನೀವ್ಯಾರಮ್ಮ?" ಎಂದು ಮರ್ಯಾದೆಯಿಂದ ಕೇಳಿದಳು. ಆ ಹಿಮ್ಮಡಿಯಿಲ್ಲದ ಕಾಲುಚೀಲ ಗರಿಯಮ್ಮನ ಪೆಟ್ಟಿಗೆಯ ತಳದಲ್ಲಿ ಈಗಲೂ ಇದೆ. ಕೈಗೆ ಬಂದ ಕೆಲಸ ಕೈಬಿಡುವುದೇ ಮೊದಲ ಸೂಚನೆ ಎಂದು ಅವಳು ಅಂದೇ ಮನಸ್ಸಿನಲ್ಲಿ ಬರೆದುಕೊಂಡಿದ್ದಳು.

ಈಗ ಕೈ ಬಿಡುತ್ತಿತ್ತು. ಎರಡು ಕುಣಿಕೆ ಸೇರಿಸಿ ಒಂದು, ಆಮೇಲೆ ಒಂದು ಖಾಲಿ ಸುತ್ತು, ಆಮೇಲೆ ಮತ್ತೆ: ನಿದ್ದೆಗಣ್ಣಲ್ಲೂ ಹೆಣೆಯಬಲ್ಲ ನಮೂನೆ. ಪ್ರತಿ ಸಾಲಿಗೂ ಎಣಿಸಿದಳು. ಲೆಕ್ಕ ಸರಿಯಿತ್ತು, ಗರಿ ಸರಿಯಿರಲಿಲ್ಲ. ಲೆಕ್ಕ ತಪ್ಪಿದ್ದರೆ ಎಷ್ಟೋ ವಾಸಿ, ತಿದ್ದಿಕೊಳ್ಳಬಹುದಿತ್ತು. ಎಲ್ಲ ಸರಿಯಿದ್ದೂ ತಪ್ಪು ಬಂದರೆ ತಪ್ಪಿರುವುದು ಎಣಿಸುವ ತಲೆಯಲ್ಲೇ ಅಲ್ಲವೇ? ಇನ್ನೊಂದು ಅಂದರೆ ಎಳೆಯ ಜೋಡಣೆ. ಎರಡು ತುದಿಗಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಒಂದರ ಮೇಲೊಂದಿಟ್ಟು, ಅಂಗೈಯಲ್ಲಿ ಮುಂದಕ್ಕೆ ಹೊಸೆದರೆ ಮುಗಿಯಿತು, ಗಂಟೇ ಬೇಡ. ಹುಡುಗಿಯಾಗಿದ್ದಾಗಿಂದ ಮಾಡಿದ್ದು. ಈಗ ಹೊಸೆದಷ್ಟೂ ತುದಿಗಳು ಹತ್ತಿಯ ಹಾಗೆ ಅರಳಿ ಬಿಟ್ಟುಕೊಳ್ಳುತ್ತಿದ್ದವು. ಕೊನೆಗೆ ಕಳ್ಳಿಯ ಹಾಗೆ ಒಂದು ಸಣ್ಣ ಗಂಟು ಹಾಕಿ, ಯಾರಾದರೂ ನೋಡಿದರೋ ಎಂದು ಸುತ್ತ ನೋಡಿದಳು.

ಗಂಡ ಬೀಗದ ಅಂಗಡಿಯವನು. ಕೀಲಿಕೈ ಉಜ್ಜುತ್ತಾ ಕಿವಿ ಮಂದವಾಗಿದ್ದರೂ ನಾಲಿಗೆ ಮಂದವಾಗಿರಲಿಲ್ಲ. ಹೆಂಡತಿ ಮೆತ್ತಗೆ ವಿಷಯ ತೆಗೆದಾಗ, ನಿನಗೆ ಮರೆವು ಬಂದಿದ್ದರೆ ನನ್ನ ತಪ್ಪುಗಳಲ್ಲಿ ಒಂದೆರಡಾದರೂ ಮರೆತಿರಬೇಕಿತ್ತಲ್ಲ ಅಂದ. ಅವಳಿಗೆ ನಗು ಬರಲಿಲ್ಲ. ಮಾರನೆಯ ದಿನದಿಂದ ಗುಟ್ಟಾಗಿ ತನಗೆ ತಾನೇ ಪರೀಕ್ಷೆ ಕೊಟ್ಟುಕೊಳ್ಳತೊಡಗಿದಳು. ಬೀದಿಯ ಅಂಗಡಿಗಳನ್ನು ಮೂಲೆಯಿಂದ ಹಿಡಿದು ಒಂದೊಂದಾಗಿ ಹೇಳುವುದು: ಔಷಧಿಯವನು, ಚಪ್ಪಲಿ ಹೊಲಿಯುವವನು, ಬ್ರೆಡ್ಡಿನ ಅಂಗಡಿ, ಕ್ಷೌರದಂಗಡಿ. ಆಮೇಲೆ ಅದನ್ನೇ ಹಿಂದುಮುಂದಾಗಿ. ಈ ಗಡಿಬಿಡಿಯಲ್ಲಿ ಹಾಲು ಉಕ್ಕಿಸಿದಳು, ಮನೆಯ ಕೀಲಿಯನ್ನು ಹಿಟ್ಟಿನ ಡಬ್ಬದಲ್ಲಿಟ್ಟು ಮನೆಯೆಲ್ಲ ಹುಡುಕಿದಳು. ಬೀಗದವನ ಹೆಂಡತಿ ಕೀಲಿ ಕಳೆದಳೆಂದು ಗಂಡ ದಿನವೆಲ್ಲ ನಕ್ಕ. ಅವಳು ಬಚ್ಚಲಿಗೆ ಹೋಗಿ ಅತ್ತಳು.

ಇದು ಸಾಲದೆಂಬಂತೆ ಅಕ್ಕ ಬೇರೆ ಮುನಿಸಿಕೊಂಡಂತಿತ್ತು. ಚಳಿಗಾಲ ಶುರುವಾದ ಮೇಲೆ ಲಡಿ ಸುತ್ತಲು ಕರೆದೇ ಇರಲಿಲ್ಲ. ನೂಲು ಉಂಡೆಯಾಗಿಯೇ ಬರುತ್ತಿತ್ತು, ಅದೂ ಕೈಗೆ ಕೊಡುವುದಲ್ಲ, ಬುಟ್ಟಿಯಲ್ಲಿ ಹಾಕಿ ಮೆಟ್ಟಿಲ ಮೇಲಿಟ್ಟಿರುವುದು. ಉಂಡೆಯೋ, ಒಂದು ಕಡೆ ಉಬ್ಬು ಒಂದು ಕಡೆ ತಗ್ಗು, ಮಗು ಸುತ್ತಿದ ಹಾಗೆ. ಕೆಳಗೆ ಹೋದರೆ ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ಕರೆದರೂ ಅಕ್ಕ ಮಡಿಲ ಮೇಲೊಂದು ದಪ್ಪ ಬಟ್ಟೆ ಹೊದ್ದು ಕೂತಿದ್ದು, ಟೀ ಬೇಕಾದರೆ ನೀನೇ ಮಾಡ್ಕೋ ಅನ್ನುವಳು. ನಾನೇನು ಅಂದೆ, ಏನು ಮಾಡಿದೆ ಎಂದು ಗರಿಯಮ್ಮ ತಲೆ ಕೆಡಿಸಿಕೊಂಡಳು. ಏನೋ ಅಂದು ಮರೆತೇಬಿಟ್ಟಿರಬಹುದು ಅನ್ನಿಸಿದ್ದೇ ಬೀದಿಯ ಅಂಗಡಿಗಳನ್ನು ಮತ್ತೆ ಮೂಲೆಯಿಂದ ಹೇಳತೊಡಗಿದಳು.

ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಅಕ್ಕನ ಮುಂದೆ ಕೂತು ಎಲ್ಲ ಹೇಳಿಬಿಟ್ಟಳು. ಗರಿ ವಾಲುತ್ತಿರುವುದು, ಎಳೆ ಕೂಡದಿರುವುದು, ಹಿಟ್ಟಿನ ಡಬ್ಬ, ಅಮ್ಮನ ಕಾಲುಚೀಲ. "ನನಗೂ ಅಮ್ಮನದೇ ಶುರುವಾಗಿದೆ ಅಕ್ಕ," ಅಂದಳು. ಅಕ್ಕ ಮಡಿಲ ಬಟ್ಟೆಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು. ಆಮೇಲೆ, ವಯಸ್ಸಾಯ್ತಲ್ಲ, ಅವಸರ ಮಾಡಬೇಡ, ನಿಧಾನಕ್ಕೆ ಬಿಚ್ಚಿ ಹೆಣಿ ಅಂದಳು. ಅಲ್ಲವೆಂದು ಹೇಳಲಿಲ್ಲ. ಅಲ್ಲ ಅನ್ನಿಸಿಕೊಳ್ಳಲೆಂದೇ ಇಳಿದು ಬಂದಿದ್ದ ಗರಿಯಮ್ಮ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡಳು.

ಈಗ ಮತ್ತೆ ಅದೇ ಮೇಜು, ಅದೇ ವಾಲಿದ ಗರಿ. ಕಡ್ಡಿ ಎಳೆದು ಹಾಕಿ ಸಿಟ್ಟಿನಿಂದ ಬಿಚ್ಚತೊಡಗಿದಳು. ಎಳೆ ಪಟ್ಟನೆ ಹರಿಯಿತು. ಎರಡು ತುದಿಗಳನ್ನು ಒದ್ದೆ ಮಾಡಿ ಮುಂದಕ್ಕೆ ಹೊಸೆದಳು, ಬಿಟ್ಟುಕೊಂಡಿತು. ಮತ್ತೆ ಹೊಸೆದಳು, ಮತ್ತೆ ಬಿಟ್ಟುಕೊಂಡಿತು. ಹಾಳಾಗಿ ಹೋಗಲಿ ಎಂದು ಅಂಗೈಯನ್ನು ಹಿಂದಕ್ಕೆಳೆದು ಒರೆಸಿಕೊಂಡಳು. ನೋಡುತ್ತಾಳೆ, ಎಳೆ ಕೂಡಿಕೊಂಡಿದೆ. ಎಳೆದು ನೋಡಿದಳು, ಗಟ್ಟಿಯಾಗಿದೆ.

ಗರಿಯಮ್ಮ ಅಂಗೈಯನ್ನು ತಿರುಗಿಸಿ ನೋಡಿದಳು. ಆಮೇಲೆ ಬುಟ್ಟಿಯ ತಳ ಕೆದಕಿ ಹಳೆಯ ನೂಲಿನ ಎರಡು ತುಂಡು ಹುಡುಕಿದಳು. ಅದು ಮುಂದಕ್ಕೆ ಹೊಸೆದರೆ ಕೂಡಿತು, ಹಿಂದಕ್ಕೆ ಹೊಸೆದರೆ ಬಿಟ್ಟಿತು. ಹೊಸ ನೂಲು ಹಿಂದಕ್ಕೆ ಕೂಡಿತು, ಮುಂದಕ್ಕೆ ಬಿಟ್ಟಿತು. ಎರಡನ್ನೂ ಬೆಳಕಿಗೆ ಹಿಡಿದಳು. ಒಂದರ ಹುರಿ ಬಲಕ್ಕೆ ಏರುತ್ತಿತ್ತು, ಇನ್ನೊಂದರದು ಎಡಕ್ಕೆ. ಹೊಸ ನೂಲನ್ನು ಉಲ್ಟಾ ಹುರಿ ಮಾಡಿದ್ದಾರೆ! ಅಕ್ಕನ ಎಳೆ ಯಾವ ಕಡೆಗೆ ಎಳೆಯುತ್ತದೆಂದು ಅವಳ ಕೈಗೆ ಗೊತ್ತಿತ್ತು, ಕೇಳದೆಯೇ ಅದಕ್ಕೆ ತಕ್ಕಂತೆ ಎದುರು ಜಗ್ಗಿ ಗರಿಯನ್ನು ನೆಟ್ಟಗೆ ನಿಲ್ಲಿಸುತ್ತಿತ್ತು. ಎಳೆಯೇ ತಿರುಗಿ ನಿಂತರೆ ಆ ಕೈ ಏನು ಮಾಡೀತು? ವಾಲಿದ್ದನ್ನು ಇನ್ನಷ್ಟು ವಾಲಿಸಿತು. ಶಾಲಿನ ಕೆಳಗಿನ ಅರ್ಧ ಹಳೆಯ ನೂಲಿನದು, ಅದಕ್ಕೇ ನೆಟ್ಟಗಿತ್ತು. ತಲೆ ಕೆಟ್ಟಿರಲಿಲ್ಲ. ಕೈಯೂ ಕೆಟ್ಟಿರಲಿಲ್ಲ. ಔಷಧಿಯವನು, ಚಪ್ಪಲಿ ಹೊಲಿಯುವವನು, ಬ್ರೆಡ್ಡಿನ ಅಂಗಡಿ ಎಂದು ಜೋರಾಗಿ ಹೇಳಿ ಒಬ್ಬಳೇ ನಕ್ಕಳು.

ನಗು ನಿಲ್ಲುವ ಮೊದಲೇ ಇನ್ನೊಂದು ಹೊಳೆಯಿತು. ಹಾಗಾದರೆ ಅರಳುಮರಳು ಅಕ್ಕನಿಗೆ! ಜೀವಮಾನವಿಡೀ ಒಂದೇ ಕಡೆಗೆ ಕದಿರು ತಿರುಗಿಸಿದವಳು ಈಗ ಯಾವ ಕಡೆಗೆ ಎಂಬುದನ್ನೇ ಮರೆತಿದ್ದಾಳೆ. ಹೀಗೆ ಅನ್ನಿಸಿದಾಗ ಅವಳಿಗೆ ದುಃಖವಾಯಿತೋ ಖುಷಿಯಾಯಿತೋ ಅವಳಿಗೇ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ತುಸು ಖುಷಿಯೇ ಹೆಚ್ಚಿತ್ತು. ಎಳೆ ಹಿಡಿದುಕೊಂಡು ದಡದಡ ಮೆಟ್ಟಿಲಿಳಿದು, ಬಾಗಿಲು ತಟ್ಟದೆ ತಳ್ಳಿದಳು.

ಅಕ್ಕ ಹಿಂದಿನ ಕಿಟಕಿಯ ಬಳಿ ಮೋಟು ಸ್ಟೂಲಿನ ಮೇಲೆ ಕೂತಿದ್ದಳು. ಕದಿರಿನ ತುದಿ ಒಂದು ಬಟ್ಟಲಿನಲ್ಲಿತ್ತು. ಅದನ್ನು ತಿರುಗಿಸುತ್ತಿದ್ದುದು ಎಡಗೈ. ಬಲಗೈ ಉಣ್ಣೆಯನ್ನು ಮುಷ್ಟಿಯಲ್ಲಿ ಹಿಡಿದು ಮಡಿಲಲ್ಲಿ ಬಿದ್ದಿತ್ತು, ಯಾರೋ ತಂದಿಟ್ಟು ಹೋದ ಸಾಮಾನಿನ ಹಾಗೆ. ಓರಗಿತ್ತಿಯನ್ನು ಕಂಡು ಅಕ್ಕ ಬಟ್ಟೆಗಾಗಿ ತಡಕಾಡಿದಳು. ಅದು ಕೈಗೆಟುಕಲಿಲ್ಲ. ಕದಿರು ಬಟ್ಟಲಿನಿಂದ ಹಾರಿ ಬಾಗಿಲ ಕಡೆಗೆ ಉರುಳಿತು.

ಗರಿಯಮ್ಮ ಆ ಬಲಗೈಯನ್ನು ನೋಡಿದಳು. "ಯಾವಾಗಿಂದ?" ಅಂದಳು.

ಚಳಿಗಾಲ ಶುರುವಾದಾಗಿಂದ, ಅಂದಳು ಅಕ್ಕ. ಒಂದು ಬೆಳಿಗ್ಗೆ ಎದ್ದರೆ ಆ ಕೈ ತನ್ನದಲ್ಲ ಅನ್ನಿಸಿತಂತೆ. ಆಮೇಲೆ ಅಷ್ಟಿಷ್ಟು ಶಕ್ತಿ ಬಂತು. ಬೆರಳು ಮಡಚಿಕೊಳ್ಳುತ್ತವೆ, ಬಿಡಿಸಲು ಬರುವುದಿಲ್ಲ. ಮಗಳಿಗೆ ತಿಳಿದರೆ ಆ ಹೊಟ್ಟೆ ಹೊತ್ತುಕೊಂಡು ಓಡಿಬರುತ್ತಾಳೆ, ಬಂದವಳು ಕರೆದುಕೊಂಡೇ ಹೋಗುತ್ತಾಳೆ. ಈ ಮನೆ, ಈ ಕಿಟಕಿ ಬಿಟ್ಟು ತಾನು ಎಲ್ಲಿಗೂ ಹೋಗುವವಳಲ್ಲ. ಅದಕ್ಕೇ ಯಾರಿಗೂ ಹೇಳಲಿಲ್ಲ. ಎಡಗೈಗೆ ಕದಿರನ್ನು ಉಲ್ಟಾ ತಿರುಗಿಸುವುದೇ ಸಲೀಸು, ಮೊದಲಿನ ಕಡೆಗೆ ತಿರುಗಿಸಿದರೆ ಎಳೆ ಹರಿಯುತ್ತಿತ್ತು.

ಗರಿಯಮ್ಮ ಆ ಮುಷ್ಟಿಯ ಮುಂದೆ ನೆಲದಲ್ಲಿ ಕೂತಳು. ಒಂದೊಂದೇ ಬೆರಳು ಬಿಡಿಸಿ ಉಣ್ಣೆ ತೆಗೆದಳು. ಬೆರಳು ತಣ್ಣಗಿದ್ದವು. ಅವಳಿಗೆ ಅಳು ಬಂತು, ಅಯ್ಯೋ ನನ್ನಕ್ಕ ಅನ್ನಿಸಿತು. ಅದರ ನಡುವೆಯೇ ಏನೋ ಚುಚ್ಚಿತು. ಅಳು ನಿಂತಿತು.

"ಎಳೆ ಉಲ್ಟಾ ಬರ್ತಿದೆ ಅಂತ ನಿಮಗೆ ಗೊತ್ತಿತ್ತಾ?"

ಅಕ್ಕ ಉರುಳಿ ಹೋದ ಕದಿರಿನ ಕಡೆ ನೋಡಿದಳು.

"ಗರಿ ವಾಲುತ್ತೆ ಅಂತ?"

"ಗೊತ್ತಿತ್ತು."

"ನಾನು ಇಲ್ಲೇ ಕೂತು ಅತ್ತೆನಲ್ಲ. ಅಮ್ಮನ ಹಾಗೆ ಆಗ್ತಿದೀನಿ ಅಂತ. ಆಗಲೂ ಗೊತ್ತಿತ್ತಾ?"

ಅಕ್ಕ ಕಿಟಕಿಯ ಕಡೆ ತಿರುಗಿದಳು. "ನೀನು ಬಿಚ್ಚುತ್ತಾ ಇರೋವರೆಗೂ ಹೊಸ ನೂಲು ಕೇಳಲ್ಲ ಅಂತ ಸುಮ್ಮನಿದ್ದೆ. ಅಷ್ಟರಲ್ಲಿ ಎಡಗೈ ಕಲಿತುಕೊಳ್ಳುತ್ತೆ ಅಂದ್ಕೊಂಡೆ."

ಗರಿಯಮ್ಮನಿಗೆ ಆ ತಣ್ಣನೆಯ ಕೈಯನ್ನು ಒತ್ತಿ ಹಿಡಿಯಬೇಕೋ ಒಗೆದುಬಿಡಬೇಕೋ ತಿಳಿಯಲಿಲ್ಲ. ತನ್ನ ತಲೆ ನೆಟ್ಟಗಿದೆ ಎಂಬ ನೆಮ್ಮದಿ, ಅದು ಬಂದದ್ದು ಈ ಕೈಯ ಬೆಲೆಗೆ ಎಂಬ ನಾಚಿಕೆ, ಬಚ್ಚಲಲ್ಲಿ ಒಬ್ಬಳೇ ಅತ್ತ ದಿನಗಳ ಸಿಟ್ಟು, ಮೂರೂ ಒಟ್ಟಿಗೇ ಬಂದವು. ಎದ್ದು ಬಾಗಿಲವರೆಗೂ ಹೋದಳು. ಹೊಸ್ತಿಲ ಮೇಲೆ ನಿಂತಳು. ಕೆಳಗೆ ಉರುಳಿದ ಕದಿರು ಕಾಲಿಗೆ ತಾಗಿತು. ಅದರ ತುಂಬ ನೂಲಿತ್ತು.

ಕದಿರನ್ನೆತ್ತಿಕೊಂಡು ಹಿಂದಿರುಗಿದಳು. ಇಷ್ಟು ವರ್ಷ ಓರಗಿತ್ತಿಗೆ 'ನೀವು' ಬಿಟ್ಟು ಬೇರೆ ಅಂದವಳಲ್ಲ.

"ನಾಳೆ ಬೆಳಿಗ್ಗೆ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಮಗಳಿಗೆ ಇವತ್ತೇ ಫೋನ್ ಮಾಡಿ ನೀನೇ ಹೇಳ್ತೀಯ. ಕರ್ಕೊಂಡು ಹೋಗೋ ಮಾತು ಬಂದ್ರೆ ಚಿಕ್ಕಮ್ಮ ಇದಾಳೆ ಅನ್ನು."

ಅಕ್ಕ ತಲೆಯಾಡಿಸಿದಳು. 'ನೀನು' ಎಂಬುದು ಅವಳಿಗೆ ಕೇಳಿಸಿತ್ತು, ಮುಖದಲ್ಲಿ ಗೊತ್ತಾಗುತ್ತಿತ್ತು.

ಗರಿಯಮ್ಮ ಕುರ್ಚಿಯ ಬೆನ್ನಿಗೆ ನೂಲನ್ನು ಸುತ್ತಿ ಲಡಿ ಮಾಡಿದಳು. ಸ್ಟೂಲಿನ ಎದುರಿಗೆ ಆ ಕುರ್ಚಿಯನ್ನೇ ಎಳೆದುಕೊಂಡು ಕೂತಳು. ಅಕ್ಕ ಅಭ್ಯಾಸಬಲದಿಂದ ಎರಡೂ ಕೈ ಚಾಚಹೋದಳು. ಬಲಗೈ ಏಳಲಿಲ್ಲ. ಗರಿಯಮ್ಮ ಲಡಿಯ ಒಂದು ಕೊನೆಯನ್ನು ಅಕ್ಕನ ಎಡಗೈಗೆ ಹಾಕಿದಳು, ಇನ್ನೊಂದು ಕೊನೆಯನ್ನು ತನ್ನ ಎಡಗೈಗೇ ಹಾಕಿಕೊಂಡಳು. ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಸುತ್ತತೊಡಗಿದಳು. ಮೊದಮೊದಲು ಎಳೆ ತೊಡಕಿಕೊಂಡಿತು, ಆಮೇಲೆ ಇಬ್ಬರ ಕೈಗಳೂ ಒಂದೇ ಹದಕ್ಕೆ ಓಲಾಡಿದವು.

"ನನ್ನ ಮೇಲೆ ಸಿಟ್ಟು ಹೋಯ್ತಾ?" ಅಕ್ಕ ಕೇಳಿದಳು.

"ಇಲ್ಲ," ಅಂದಳು ಗರಿಯಮ್ಮ. "ಕೈ ಇಳಿಸಬೇಡ, ಎಳೆ ಸಡಿಲ ಆಗುತ್ತೆ."