ಸರ್ಜನ್ ದನಿಯಲ್ಲಿ ರಜಾ ಅರ್ಜಿ

ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಗಿಣಿ ಎಂದು. ಕಾಲೇಜಿನ ಸಮಾರಂಭವೋ ಕಂಪನಿಯ ಪಾರ್ಟಿಯೋ, ಕೈಗೊಂದು ಮೈಕು ಕೊಟ್ಟರೆ ಸಾಕು, ಆ ಒಂದು ಗಂಟಲಿನಿಂದ ಒಂದು ಬಸ್ಸಿನಷ್ಟು ಜನ ಇಳಿದು ಬರುತ್ತಿದ್ದರು. ಅಂಥ ಗಂಟಲಲ್ಲೇ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ಗೊತ್ತಾದಾಗ, "ಧ್ವನಿಪೆಟ್ಟಿಗೆಗೇ ಪೆಟ್ಟು ಬಿತ್ತಲ್ಲಪ್ಪಾ" ಎಂದು ಅವನೇ ಮೊದಲು ಜೋಕು ಹೊಡೆದ. ಯಾರೂ ನಗಲಿಲ್ಲ.

ಆಸ್ಪತ್ರೆಯಲ್ಲಿ ಯಾವ ತೀರ್ಮಾನವೂ ಒಬ್ಬರದಲ್ಲ. ಸರ್ಜನ್, ರೇಡಿಯೇಶನ್ ಡಾಕ್ಟರಮ್ಮ, ಕೀಮೋ ಡಾಕ್ಟರು, ಸ್ಕ್ಯಾನ್ ನೋಡುವವರು ಎಲ್ಲ ಒಂದೇ ಮೇಜಿನ ಸುತ್ತ ಕೂತು, ಅವನ ಗಂಟಲನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ, ವಾದ ಮಾಡಿ, ಕೊನೆಗೆ ಒಮ್ಮತಕ್ಕೆ ಬಂದಿದ್ದರು. ಸದ್ಯಕ್ಕೆ ಆಪರೇಷನ್ ಬೇಡ. ಏಳು ವಾರ ರೇಡಿಯೇಶನ್, ಜೊತೆಗೆ ಕೀಮೋ. ರೋಗ ಹೋಗಿ ದನಿ ಉಳಿಯುವ ದಾರಿ ಇದು. ಆದರೆ ನಡುವೆ ನಿಲ್ಲಿಸಕೂಡದು.

ಆ ಸಂಜೆ ಗಿಣಿ ಇಡೀ ಮೀಟಿಂಗನ್ನೇ ಮನೆಗೆ ತಂದ. ಡಾಕ್ಟರಮ್ಮನದು ಪಟಪಟ ಹುರಿಯುವ ದನಿ: "ನೋಡಿ ನೋಡಿ, ಮಧ್ಯದಲ್ಲಿ ಕೈ ಕೊಟ್ರೆ ನಾನು ಸುಮ್ನಿರಲ್ಲ, ಆಯ್ತಾ?" ಕೀಮೋ ಡಾಕ್ಟರದು ಆಕಳಿಕೆಯ ನಡುವಿನ ಮಾತು: "ವಾಂತಿ... ಬರಬಹುದು... ಬರದೇನೂ ಇರಬಹುದು." ಸರ್ಜನ್ ಮಾತಾಡಿದರೆ ಕಬ್ಬಿಣದ ಮಂಚ ಎಳೆದ ಹಾಗೆ: "ನನ್ನ ಹತ್ರ ಬರೋ ಹಾಗೆ ಮಾಡ್ಕೋಬೇಡಿ."

ಹೊಲಿಗೆ ಮಿಷನ್ ಮುಂದೆ ಕೂತಿದ್ದ ಹೆಂಡತಿ ನಕ್ಕು ನಕ್ಕು ಸೂಜಿಗೆ ಬೆರಳು ಕೊಟ್ಟಳು. "ರೀ, ಅವರೇ ಬಂದು ಕೂತಂಗಿದೆ!"

ಕೂತಂಗಿರಲೇಬೇಕು. ಅನುಕರಣೆಯಲ್ಲಿ ಗಿಣಿಗೊಂದು ವ್ರತವಿತ್ತು: ಯಾರ ದನಿ ಎತ್ತಿಕೊಂಡರೂ, ಅವರು ಜನ್ಮದಲ್ಲಿ ಆಡದ ಮಾತನ್ನು ಅವರ ಬಾಯಿಗೆ ತುರುಕಬಾರದು.

ನಾಲ್ಕನೇ ವಾರಕ್ಕೆ ಉಗುಳು ನುಂಗುವುದೂ ಉಪ್ಪುಕಾಗದ ನುಂಗಿದಂತಾಯಿತು. ಜನ ರೇಡಿಯೇಶನ್ನಿಗೆ ಕರೆಂಟು ಕೊಡುವುದು ಎನ್ನುತ್ತಿದ್ದರು. ಕರೆಂಟು ಕೊಟ್ಟಂತೆಲ್ಲ ಇವನ ಫ್ಯೂಸೇ ಹೋಗುತ್ತಿತ್ತು. ಗಂಟಲಿನ ಬಸ್ಸಿನಿಂದ ಒಬ್ಬೊಬ್ಬರೇ ಇಳಿದು ಹೋದರು. ಡಾಕ್ಟರಮ್ಮ ಹೋದರು, ಕೀಮೋ ಡಾಕ್ಟರು ಹೋದರು, ಸ್ವಂತ ದನಿಯೂ ಹೋಯಿತು. ಉಳಿದದ್ದು ಸರ್ಜನ್ನರ ಮಂಚ ಎಳೆಯುವ ಸದ್ದೊಂದೇ. ದನಿ ಉಳಿಸುತ್ತೇವೆಂದು ಹೇಳಿ ದನಿಯನ್ನೇ ತಿನ್ನುತ್ತಿದ್ದಾರೆ ಎಂದು ಗಿಣಿಗೆ ಖಾತ್ರಿಯಾಯಿತು. ಚಿಕಿತ್ಸೆಗೆ ಎರಡು ವಾರ ರಜೆ ಹಾಕಿಬಿಡೋಣ ಎಂದುಕೊಂಡ.

ಅಡ್ಡಿ ಎಂದರೆ ಹೆಂಡತಿ. ತೋಳು ಹೊಲಿಯದ ಅಂಗಿಯನ್ನು ಗಿರಾಕಿಗೆ ಕೊಡದವಳು, ಅರ್ಧಕ್ಕೆ ಬಿಟ್ಟ ಚಿಕಿತ್ಸೆಯನ್ನು ಒಪ್ಪುತ್ತಾಳೆಯೇ? ಡಾಕ್ಟರೇ ಹೇಳಬೇಕು. ಪುಣ್ಯಕ್ಕೆ ಒಬ್ಬ ಡಾಕ್ಟರ ದನಿ ಇನ್ನೂ ಕೈಯಲ್ಲಿತ್ತು. ಆಸ್ಪತ್ರೆಯ ಬಾಗಿಲವರೆಗೆ ಬಂದ ಗಿಣಿ ಒಳಗೆ ಹೋಗದೆ, ಪಾರ್ಕಿಂಗ್ ನೋಡಿಕೊಳ್ಳುವವನ ಮೊಬೈಲು ಇಸಕೊಂಡು, ಒಂದು ಕಾರಿನ ಮರೆಗೆ ನಿಂತು ಮನೆಗೆ ಫೋನು ಹಚ್ಚಿದ.

"ಹಲೋ, ಸರ್ಜನ್ ಮಾತಾಡ್ತಿರೋದು."

"ಅಯ್ಯೋ, ನಮಸ್ಕಾರ ಡಾಕ್ಟ್ರೇ! ಇವರಿಗೇನಾಯ್ತು?"

"ಏನೂ ಆಗಿಲ್ಲ ತಾಯೀ. ಸುಸ್ತಾಗಿದ್ದಾರೆ. ಎರಡು ವಾರ ರಜೆ ಕೊಡೋಣ ಅಂತ..."

"ಎಲ್ಲ ಡಾಕ್ಟ್ರೂ ಕೂತು ಹೇಳಿದ್ದಾ, ಇಲ್ಲ ನೀವೊಬ್ರೇನಾ?"

"ಅದು... ಕೂತಿಲ್ಲ. ನಿಂತ್ಕೊಂಡೇ ಮಾತಾಡಿದ್ವಿ."

"ಕೂತಾಗ ಬಿಡಕೂಡದು ಅಂದೋರು ನಿಂತಾಗ ಬಿಡಿ ಅಂತೀರಲ್ಲ! ಹೋಗ್ಲಿ, ಆವಾಗ ಯಾಕೆ ಬಿಡಬೇಡಿ ಅಂದಿದ್ರಿ?"

ರಜೆಯ ಮಾತಿನಲ್ಲಿ ಮುರಿದಿದ್ದ ವ್ರತ ಇಲ್ಲಿ ಗಿಣಿಯ ಕುತ್ತಿಗೆಗೇ ಬಂತು. ಸರ್ಜನ್‌ಗೆ ಕೇಳಿದ ಪ್ರಶ್ನೆಗೆ ಸರ್ಜನ್ನೇ ಉತ್ತರ ಕೊಟ್ಟುಬಿಟ್ಟರು. "ಮಧ್ಯ ಬಿಟ್ರೆ ಗಂಟು ಸುಮ್ನೆ ಕೂರಲ್ಲ ತಾಯೀ. ಮತ್ತೆ ಚಿಗುರುತ್ತೆ."

"ಚಿಗುರಿದ್ರೆ?"

"ನನ್ನ ಹತ್ರ ಬರ್ತಾರೆ. ನಾನು ಧ್ವನಿಪೆಟ್ಟಿಗೇನೇ ತೆಗೀಬೇಕಾಗುತ್ತೆ."

ತನ್ನ ಬಾಯಿಂದ ಬಂದ ಮಾತನ್ನು ಗಿಣಿ ಆಗಲೇ ಮೊದಲ ಸಲ ಕೇಳಿಸಿಕೊಂಡ. ಇದನ್ನೆಲ್ಲ ಅವನಿಗೆ ಮೊದಲೇ ಹೇಳಿದ್ದರು. ಆದರೆ ಡಾಕ್ಟರುಗಳು ಹೇಗೆ ಮಾತಾಡುತ್ತಾರೆಂದು ನೋಡುವ ಭರದಲ್ಲಿ ಏನು ಮಾತಾಡಿದರೆಂಬುದು ತಲೆಗೇ ಹೋಗಿರಲಿಲ್ಲ.

"ತೆಗೆದ್ರೆ, ನನ್ನನ್ನ ಕೂಗಿ ಕರೆಯೋಕೂ ಆಗಲ್ವಾ ಡಾಕ್ಟ್ರೇ?" ಎಂದಳು ಹೆಂಡತಿ, ಸಣ್ಣಗೆ.

"ಈ ದನೀಲಿ ಆಗಲ್ಲ."

"ನುಂಗೋಕಾಗ್ದೆ ಒದ್ದಾಡ್ತಾರೆ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾರೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾರೆ. ನಾನೇನು ಮಾಡ್ಲಿ?"

ಗಿಣಿ ಕಾರಿಗೆ ಒರಗಿದ. ಸರ್ಜನ್ ಮಾತ್ರ ಬಿಡಲಿಲ್ಲ. "ನೋವಿಗೆ ಔಷಧಿ ಇದೆ ತಾಯೀ. ನುಂಗೋಕಾಗಲ್ಲ ಅಂದ್ರೆ ಅದಕ್ಕೂ ದಾರಿ ಇದೆ. ಆದ್ರೆ ಬಾಯಿ ಬಿಟ್ಟು ಹೇಳ್ಬೇಕಲ್ಲ? ಈ ಆಸಾಮಿ ಒಳಗೆ ಬಂದು ಜೋಕು ಹೊಡೆದು ಎದ್ದು ಹೋಗ್ತಾನೆ."

"ಹಾಗಾದ್ರೆ ಇವತ್ತು ಡಾಕ್ಟರಮ್ಮಂಗೆ ಹೇಳ್ತಾರಾ?"

"ಹೇಳ್ತೀನಿ ಕಣೇ."

ಪಾರ್ಕಿಂಗಿನವನು ಮೊಬೈಲಿಗೆ ಕೈ ಚಾಚಿ ನಿಂತಿದ್ದ.

"ಡಾಕ್ಟ್ರೇ," ಎಂದಳು ಹೆಂಡತಿ. ನಗುತ್ತಿದ್ದಳೋ ಅಳುತ್ತಿದ್ದಳೋ, ಆ ದನಿಯನ್ನು ಅನುಕರಿಸುವುದು ಗಿಣಿಯಿಂದಲೂ ಆಗುತ್ತಿರಲಿಲ್ಲ. "ನಿಮ್ಮ ಹೆಸರು ಕೂಗೋ ಹೊತ್ತಾಯ್ತು. ಹೋಗಿ ಕರೆಂಟಿನ ಮಂಚದ ಮೇಲೆ ಮಲಗಿ."

ಸರ್ಜನ್ ಸಾಹೇಬರು ಮೊಬೈಲು ವಾಪಸು ಕೊಟ್ಟು, ಪೇಷಂಟಾಗಿ ಒಳಗೆ ಹೋದರು.