ಪಿಸುಮಾತಿನ ಮಜಲಿನಲ್ಲಿ ಒಂದು ಸ್ಟಾಪ್‌ವಾಚ್

ನಾನು ಒಂದು ಸ್ಟಾಪ್‌ವಾಚ್. ಈಗ ಗಂಟೆ ಎಷ್ಟು ಎಂದು ನನ್ನನ್ನು ಕೇಳಬೇಡಿ. ಅದು ನನಗೆ ಗೊತ್ತಿಲ್ಲ, ಎಂದೂ ಗೊತ್ತಿರಲಿಲ್ಲ. ಒಂದು ಕೆಲಸ ಶುರುವಾದದ್ದಕ್ಕೂ ಮುಗಿದದ್ದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತು ಎಂಬುದನ್ನಷ್ಟೇ ನಾನು ಹೇಳಬಲ್ಲೆ. ಆದರೆ ಅದನ್ನು ಸೆಕೆಂಡಿನ ಐದನೇ ಒಂದು ಭಾಗದವರೆಗೆ ಸರಿಯಾಗಿ ಹೇಳುತ್ತೇನೆ. ಇದನ್ನು ಜಂಬವೆಂದು ತಿಳಿದರೂ ಅಡ್ಡಿಯಿಲ್ಲ.

ನಾನು ಹುಟ್ಟಿದ್ದು ಅಂಬಾಲಾದಲ್ಲಿ, ಪ್ರಯೋಗಶಾಲೆಯ ಉಪಕರಣಗಳನ್ನು ಜೋಡಿಸುವ ಒಂದು ಉದ್ದನೆಯ ಕೋಣೆಯಲ್ಲಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಒಬ್ಬ ಮುದುಕ ನನ್ನ ಹೊಟ್ಟೆಯಲ್ಲಿ ಸ್ಪ್ರಿಂಗ್ ಸುತ್ತಿಟ್ಟು, ಮುಚ್ಚಳ ಹಾಕಿ, ಕಿವಿಯ ಹತ್ತಿರ ಹಿಡಿದು ಕೇಳಿದ. ತಲೆಯಾಡಿಸಿದ. ನಾನು ಪಾಸಾದ ಮೊದಲ ಪರೀಕ್ಷೆ ಅದು. 1986ರ ಜೂನ್‌ನಲ್ಲಿ, ಮರದ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಮಲಗಿ ವಿಜಯಪುರದ ಒಂದು ಕಾಲೇಜಿಗೆ ಬಂದಿಳಿದೆ.

ಅಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆಯನ್ನು ನೋಡಿಕೊಳ್ಳುತ್ತಿದ್ದವರು ಅಂಬುಜಾ ತಾಳಿಕೋಟಿ ಮೇಡಂ. ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದರು; ಸೀರೆಯ ಮೇಲೆ ಬಿಳಿ ಕೋಟು, ಕಿಸೆಯಲ್ಲಿ ಎರಡು ಪೆನ್ಸಿಲ್. ಇಪ್ಪತ್ತೆಂಟು ವರ್ಷ ನಾನು ಹುಡುಗ ಹುಡುಗಿಯರ ಬೆವರಿದ ಅಂಗೈಗಳಲ್ಲಿ ಕುಳಿತು ಲೋಲಕದ ಆಂದೋಲನಗಳನ್ನು ಎಣಿಸಿದೆ. ಇಪ್ಪತ್ತು ಸಲ ತೂಗಿದರೆ ಒಂದು ರೀಡಿಂಗ್. ಒಂದು ಮಧ್ಯಾಹ್ನ ಒಬ್ಬ ಹುಡುಗ ನನ್ನನ್ನು ಮುಟ್ಟದೆಯೇ ಆರು ರೀಡಿಂಗ್ ಬರೆದುಬಿಟ್ಟ. ಆರೂ ಮುತ್ತಿನ ಹಾಗೆ ಒಂದೇ ಸಮ. ಮೇಡಂ ನೋಡಿ, "ಎಷ್ಟು ಛಂದ ಬಂದಾವು! ನಿಸರ್ಗ ಇಷ್ಟು ನೀಟಾಗಿ ಇರೂದಿಲ್ಲಪಾ" ಎಂದು ಪುಟದ ಮೇಲೆ ಸೊನ್ನೆ ಹಾಕಿದರು. ಪಕ್ಕದಲ್ಲೇ ತಪ್ಪು ತಪ್ಪು ರೀಡಿಂಗ್ ತೆಗೆದು, ಅದನ್ನು ಹಾಗೆಯೇ ಬರೆದಿದ್ದ ಹುಡುಗಿಗೆ ಹತ್ತಕ್ಕೆ ಏಳು ಸಿಕ್ಕಿತು.

ಕಾಲೇಜಿಗೆ ಅಂಕಿ ಮಿನುಗುವ ಹೊಸ ವಾಚುಗಳು ಬಂದವು. ನಮ್ಮನ್ನೆಲ್ಲ ಹಳೆ ಸಾಮಾನಿನ ಪಟ್ಟಿಗೆ ಸೇರಿಸಿದರು. ನಿವೃತ್ತಿಯ ದಿನ ಮೇಡಂ ಶಾಲು, ಹಾರಗಳನ್ನು ಮೇಜಿನ ಮೇಲೇ ಬಿಟ್ಟು, "ನನಗ ಇದೊಂದು ಕೊಡ್ರಿ" ಎಂದು ನನ್ನನ್ನು ಕೇಳಿ ಪಡೆದರು. ನನಗೆ ಆ ದಿನ ನೆನೆದರೆ ಈಗಲೂ ಎದೆ ಉಬ್ಬುತ್ತದೆ.

ಅಲ್ಲಿಂದ ನನ್ನ ಕೆಲಸ ಸಣ್ಣದಾಯಿತು. ಮೇಡಂ ದಿನಾ ಬೆಳಿಗ್ಗೆ ಗೋಲಗುಮ್ಮಟದ ತೋಟದಲ್ಲಿ ನಡೆಯುವರು. ಒಂದು ಸುತ್ತು ಹಾಕಲು ಎಷ್ಟು ಹೊತ್ತು ಎಂದು ನಾನು ಹೇಳುವೆ. ಅಲ್ಲಿಯೇ ನಾವು ಬಂದೇನವಾಜ ಇನಾಮದಾರರನ್ನು ಕಂಡದ್ದು.

ಬಂದೇನವಾಜ ಇಪ್ಪತ್ತಮೂರು ವರ್ಷದಿಂದ ಅಲ್ಲಿನ ಗೈಡ್. ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷ್, ಯಾವುದರಲ್ಲಿ ಕೇಳಿದರೂ ಗುಮ್ಮಟದ ಕತೆ ನೀರಿನಂತೆ ಹರಿಯುತ್ತಿತ್ತು. ಆ ದಿನ ಮಾತ್ರ ಅವರು ಹುಲ್ಲಿನ ಮೇಲೆ ಮುಖ ಬಾಡಿಸಿಕೊಂಡು ಕೂತಿದ್ದರು. ಮುಂದೆ ಒಂದು ದಪ್ಪ ಪುಸ್ತಕ.

"ಯಾಕ್ರೀ, ಆರಾಮ ಇಲ್ಲೇನು?" ಎಂದು ಮೇಡಂ ಕೇಳಿದರು.

"ಆರಾಮ ಅದೀನ್ರೀ ಮೇಡಂ. ನಿನ್ನೆ ಸ್ಪೇನ್ ದೇಶದ ಮೂವತ್ತು ಮಂದಿ ಬಂದಿದ್ರು. ಅವರ ಜೋಡಿ ದೂರದ ಊರಿಂದ ಒಬ್ಬ ಗೈಡ್. ಮಾತೆಲ್ಲ ಅವಂದು. ನನ್ನ ಮ್ಯಾಲ ನಿಲ್ಲಿಸಿ, 'ನೀ ಆ ಕಡೆ ಹೋಗಿ ಕಾಗದ ಹರಿ, ಇವರಿಗೆ ಸಪ್ಪಳ ಕೇಳಸಲಿ' ಅಂದ. ನನ್ನೂರು, ನನ್ನ ಗುಮ್ಮಟ, ನಾ ಕಾಗದ ಹರಿಯಾಂವ!"

ಸ್ಪ್ಯಾನಿಷ್ ತಂಡಗಳನ್ನು ಕರೆತರುವ ಪ್ರವಾಸ ಕಂಪನಿಯವರು ಅವರಿಗೆ ಒಂದೇ ಮಾತು ಹೇಳಿದ್ದರಂತೆ: ಮಧ್ಯಮ ಹಂತದ ಸ್ಪ್ಯಾನಿಷ್ ಪರೀಕ್ಷೆ ಪಾಸಾದ ಪ್ರಮಾಣಪತ್ರ ತನ್ನಿ, ಚಳಿಗಾಲದ ತಂಡಗಳೆಲ್ಲ ನಿಮ್ಮವು, ಇಲ್ಲದಿದ್ದರೆ ಹೊರಗಿನ ಗೈಡೇ ಖಾಯಂ. ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಓದುವುದು, ಬರೆಯುವುದು ಹೇಗೋ ಆಗುತ್ತಿತ್ತು. ನಾಲ್ಕು ವರ್ಷದಿಂದ ಪುಸ್ತಕ, ಮೊಬೈಲು ಹಿಡಿದು ಕಲಿತಿದ್ದರು. ಹೆದರಿಕೆ ಇದ್ದದ್ದು ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೆ ಮತ್ತು ಎದುರು ಕೂತವರ ಪ್ರಶ್ನೆಗೆ ಉತ್ತರಿಸುವುದಕ್ಕೆ.

"ನನಗ ಆ ಭಾಷಾ ಒಂದಕ್ಷರ ಬರೂದಿಲ್ಲ," ಎಂದರು ಮೇಡಂ. "ಆದ್ರ ಪ್ರಯೋಗ ಮಾಡ್ಸೂದು ಬರ್ತದ. ಪ್ರಶ್ನೆ ಎಲ್ಲಾ ಕನ್ನಡ ಅಕ್ಷರದಾಗ ಬರದು ತರ್ರಿ. ನಾ ಕಲಸಿ ಯಾವುದರ ಓದ್ತೀನಿ."

ಹೀಗೆ ನಮ್ಮ ಪ್ರಯೋಗ ಶುರುವಾಯಿತು. ಬಾಗಿಲು ತೆರೆದ ಕೂಡಲೇ, ಪ್ರವಾಸಿಗರ ಕೂಗಾಟ ಶುರುವಾಗುವ ಮೊದಲು, ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಇಬ್ಬರೂ ಗುಮ್ಮಟದ ಒಳಸುತ್ತಿನ ಮಜಲಿಗೆ ಬರುವರು. ಮೇಡಂ ಮೊಣಕಾಲು ಹಿಡಿದುಕೊಂಡು ಎರಡು ಕಡೆ ಕೂತು ಸುಧಾರಿಸಿಕೊಳ್ಳುವರು. ಆಮೇಲೆ ಅವರು ಈ ಬದಿ, ಬಂದೇನವಾಜ ನೇರ ಎದುರು ಬದಿ, ಇಬ್ಬರೂ ಗೋಡೆಗೆ ಮುಖ ಮಾಡಿ. ಇಲ್ಲಿ ಪಿಸುಗುಟ್ಟಿದ ಮಾತು ಗೋಡೆಗುಂಟ ಹರಿದು ಅಲ್ಲಿ ಕೇಳುತ್ತದೆ, ಆದರೆ ಪ್ರತಿಧ್ವನಿ ಬೆರೆತು ಸ್ವಲ್ಪ ಕಲಸಿಹೋಗುತ್ತದೆ. "ಇಲ್ಲಿ ತಿಳೀತು ಅಂದ್ರ ಯಾವ ಪರೀಕ್ಷಾ ಹಾಲಿನ ಸ್ಪೀಕರಿನ್ಯಾಗರ ತಿಳೀತದ" ಎಂಬುದು ಮೇಡಂ ಲೆಕ್ಕ.

ಅವರು ಚೀಟಿ ನೋಡಿ ಪ್ರಶ್ನೆ ಓದಿ ಮುಗಿಸಿ ನನ್ನ ನೆತ್ತಿ ಒತ್ತುವರು. ಉತ್ತರದ ಮೊದಲ ಪದ ಕೇಳಿದ ಕೂಡಲೇ ಮತ್ತೆ ಒತ್ತುವರು. ಶಬ್ದ ಆ ಬದಿಗೆ ಹೋಗಿ ಬರಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಬೇಕು. ಅದನ್ನು ಪ್ರತಿ ಸಲವೂ ಕಳೆದೇ ಬರೆಯುವರು. ಕಾಲೇಜು ಬಿಟ್ಟ ಮೇಲೆ ನನ್ನನ್ನು ಇಷ್ಟು ಗೌರವದಿಂದ ಯಾರೂ ಓದಿರಲಿಲ್ಲ.

ಮೊದಲ ವಾರದ ರೀಡಿಂಗ್‌ಗಳು: ಎರಡು ಸೆಕೆಂಡ್, ಒಂದೂ ಮುಕ್ಕಾಲು, ಎರಡು, ಎರಡು, ಒಂದೂವರೆ. ಇಷ್ಟು ಚುರುಕಾದ ಮನುಷ್ಯನನ್ನು ನಾನು ಕಂಡಿರಲಿಲ್ಲ. ಬಂದೇನವಾಜರ ಜೊತೆಯ ಗೈಡ್ ಸಿದ್ರಾಮಪ್ಪ ಮೆಟ್ಟಿಲ ಬಾಯಲ್ಲಿ ನಿಂತು, "ಏ ಸ್ಪೇನಿನ ಸುಲ್ತಾನ, ಗ್ವಾಡಿ ಕೂಡ ಪಾಸಾಯ್ತು ಬಿಡೋ ನಿನ್ನ ಕೇಳಿ ಕೇಳಿ" ಎಂದು ಹಾಸ್ಯ ಮಾಡಿ ಹೋದ.

ಮೇಡಂ ಮಾತ್ರ ಪುಟದ ಮೇಲೆ ಪೆನ್ಸಿಲ್ ಕುಟ್ಟುತ್ತ ಕೂತರು. ಎಂಟನೆಯ ದಿನ ಅವರು ಒಂದು ಚೀಟಿ ಓದಿದರು: "ಕ್ವಾಂತೊಸ್ ಎರ್ಮಾನೊಸ್ ತಿಯೆನೆ?" ಎರಡು ಸೆಕೆಂಡಿಗೆ ಸರಿಯಾಗಿ ಉತ್ತರ ಹೊರಟಿತು, ಧಾರಾಳವಾಗಿ, ಏರಿಳಿತದೊಂದಿಗೆ. ನಡುವೆ ಒಂದು ಸಂಖ್ಯೆ ಬಂತು. ಸಂಖ್ಯೆಗಳ ಪಟ್ಟಿಯೂ ಮೇಡಂ ಕೈಯಲ್ಲಿ ಕನ್ನಡ ಅಕ್ಷರದಲ್ಲಿತ್ತು. ಅವರು ಪಟ್ಟಿಯ ಮೇಲೆ ಬೆರಳಾಡಿಸಿದರು, ಚೀಟಿಯ ಹಿಂದೆ ಬರೆದಿದ್ದ ಅರ್ಥ ನೋಡಿದರು, ಆಮೇಲೆ ಗೋಡೆಗೆ ಪಿಸುಗುಟ್ಟಿದರು:

"ಬಂದೇನವಾಜ ಅವ್ರ, ನಿಮಗ ಅಣ್ಣತಮ್ಮಂದಿರು ಸಾವಿರದ ಆರುನೂರಾ ಐವತ್ತಾರು ಮಂದಿ ಏನ್ರೀ?"

ಗುಮ್ಮಟ ಕಟ್ಟಿ ಮುಗಿಸಿದ ಇಸವಿ ಅದು. ಪ್ರಶ್ನೆ ಕಿವಿಗೆ ಬಿದ್ದಿರಲಿಲ್ಲ. ಬಾಯಿಗೆ ಬಂದ ಕತೆ ಹೊರಟುಬಿಟ್ಟಿತ್ತು. ಉತ್ತರಗಳನ್ನೂ ಕೇಳಿದ ಹಾಗೆ ಮೇಡಂ ಬರೆದಿಟ್ಟಿದ್ದ ಹಿಂದಿನ ಪುಟಗಳನ್ನು ಇಬ್ಬರೂ ಕೂತು ತಿರುವಿದರು. ಮೂವತ್ತು ಪ್ರಶ್ನೆಯಲ್ಲಿ ಹತ್ತೊಂಬತ್ತಕ್ಕೆ ಅವರು ಕೊಟ್ಟ ಉತ್ತರಕ್ಕೂ ಪ್ರಶ್ನೆಗೂ ಸಂಬಂಧವಿರಲಿಲ್ಲ. ನನ್ನ ಮುಳ್ಳು ನಾಚಿತು. ನಾನು ಅಳೆದದ್ದು ಸರಿಯಾಗಿಯೇ ಇತ್ತು, ಆದರೆ ಅಳೆದದ್ದು ಏನನ್ನು?

"ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ರಿ," ಎಂದರು ಮೇಡಂ. "ಆ ಭಾಷಾದಾಗ ಅದಕ್ಕೊಂದು ಮಾತು ಇರಬೇಕಲ್ಲ?"

"ಇದೇರೀ. ನೊ ಎ ಎಂತೆಂದೀದೊ. ಆದ್ರ ಅದು ನನ್ನ ಬಾಯಾಗ ಬರೂದಿಲ್ಲ."

"ಯಾಕ್ರೀ?"

"ಗೈಡ್ ಆದಾಂವ ಗೊತ್ತಿಲ್ಲ ಅಂದ ದಿನ ಅವನ ಕತಿ ಮುಗೀತು ಮೇಡಂ. ನನ್ನ ಉಸ್ತಾದ್ ಮೊದಲ ದಿನಾನೇ ಹೇಳ್ಯಾರ. ಗೊತ್ತಿಲ್ಲದಿದ್ರ ಗೊತ್ತಿದ್ದದ್ದು ಹೇಳು, ನಿಲ್ಲಬ್ಯಾಡ."

"ನನ್ನ ಲ್ಯಾಬಿನ್ಯಾಗ ಇದಕ್ಕ ಸೊನ್ನಿ ಹಾಕ್ತಿದ್ದೆ."

ಮಾತು ಸ್ವಲ್ಪ ಖಾರವಾಗಿತ್ತು. ನಲವತ್ತೇಳು ವರ್ಷದ ಮನುಷ್ಯ. ಊರೆಲ್ಲ ಮರ್ಯಾದೆ ಕೊಡುವ ಗೈಡ್. ಅವರು ಪುಸ್ತಕ ಮಡಚಿಕೊಂಡು ಇಳಿದುಹೋದರು. ಆರು ದಿನ ಬರಲಿಲ್ಲ. ಮೇಡಂ ದಿನಾ ಆ ಮೆಟ್ಟಿಲು ಹತ್ತಿ, ಖಾಲಿ ಎದುರು ಬದಿ ನೋಡಿ ಇಳಿಯುತ್ತಿದ್ದರು. ನನ್ನ ನೆತ್ತಿ ಯಾರೂ ಒತ್ತಲಿಲ್ಲ.

ಏಳನೆಯ ದಿನ ಬಂದೇನವಾಜ ಮೇಡಂಗಿಂತ ಮೊದಲೇ ಬಂದು ಕೂತಿದ್ದರು. ಮನೆಯಲ್ಲಿ ಮೊಬೈಲಿನಲ್ಲಿ ಮಾದರಿ ಪರೀಕ್ಷೆ ಹಾಕಿ ನೋಡಿದ್ದರಂತೆ. ಕೇಳುವ ಭಾಗದಲ್ಲಿ ಮೂವತ್ತಕ್ಕೆ ಒಂಬತ್ತು. ಹೆಂಡತಿ ರಜಿಯಾ ರೊಟ್ಟಿ ಬಡಿಯುತ್ತ, "ನನ್ನ ಮಾತು ಕೇಳಿ ಗೊತ್ತಿಲ್ಲ, ಇನ್ನ ಸ್ಪೇನಿನವರದು ಏನ್ ಕೇಳ್ತೀರಿ. ಇಪ್ಪತ್ತು ವರ್ಷದಿಂದ ನಾ ಕೇಳಿದ್ದೊಂದು, ನೀವು ಹೇಳೂದೊಂದು" ಎಂದರಂತೆ.

"ಮೇಡಂ, ಅಕಿ ಹೇಳಿದ್ದೂ ಅದೇ, ನೀವು ಹೇಳಿದ್ದೂ ಅದೇ," ಎಂದರು ಬಂದೇನವಾಜ. "ಶುರು ಮಾಡ್ರಿ. ಇವತ್ತು ನಾ ನಿಲ್ಲತೀನಿ."

ಆ ದಿನ ಮೊದಲ ಪ್ರಶ್ನೆಗೆ ನಾನು ನಲವತ್ತೊಂದು ಸೆಕೆಂಡ್ ಓಡಿದೆ. ನನ್ನ ಮುಳ್ಳು ಅಷ್ಟು ದೂರ ಹೋಗುವಾಗ ಎದುರು ಬದಿಯಿಂದ ಉಸಿರಾಟವೊಂದೇ ಕೇಳುತ್ತಿತ್ತು. ಕೊನೆಗೆ ಬಂತು, ಕಲ್ಲು ಹೊರಳಿಸಿದ ಹಾಗೆ: "ನೊ ಎ ಎಂತೆಂದೀದೊ. ಪ್ವೆದೆ ರೆಪೆತೀರ್, ಪೊರ್ ಫವೊರ್?" ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ ಎಂದು. ಮೇಡಂ ಇನ್ನೊಮ್ಮೆ ಹೇಳಿದರು. ಉತ್ತರ ಚಿಕ್ಕದಾಗಿ ಬಂತು, ಮುರುಕಲಾಗಿ ಬಂತು. ಆದರೆ ಕೇಳಿದ್ದಕ್ಕೇ ಬಂತು.

ಮೇಡಂ ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದರು, "ತಿಳಿಯಲಿಲ್ಲ" ಎಂದು. ಆ ಕಾಲಂ ತುಂಬುತ್ತ ಹೋದಂತೆ ಅವರ ಮುಖ ಅರಳುತ್ತಿತ್ತು. ಮೊದಲ ತಿಂಗಳು ದಿನಕ್ಕೆ ಹದಿನೈದು. ಮೂರನೆಯ ತಿಂಗಳಿಗೆ ಆರು. ರೀಡಿಂಗ್‌ಗಳೂ ಇಳಿದವು, ಒಂದೇ ಸಮನಾಗಲ್ಲ. ಇಪ್ಪತ್ತೆರಡು, ಹದಿನಾಲ್ಕು, ಹದಿನೆಂಟು, ಏಳು, ಒಮ್ಮೆ ಜ್ವರ ಬಂದಾಗ ಮತ್ತೆ ಮೂವತ್ತು, ಆಮೇಲೆ ಐದು. ಗ್ರಾಫ್ ಹಾಳೆಯ ಮೇಲೆ ಆ ವಕ್ರರೇಖೆ ಅಷ್ಟೇನೂ ಚಂದವಿರಲಿಲ್ಲ. ಮೇಡಂ ಅದನ್ನು ತಮ್ಮ ಮನೆಯ ಗೋಡೆಗೆ ಅಂಟಿಸಿಕೊಂಡರು.

ಪರೀಕ್ಷೆಯ ಹಿಂದಿನ ದಿನ ಅವರು ನನಗೆ ಕೀಲಿ ಕೊಟ್ಟು ಬಂದೇನವಾಜರ ಕೈಗಿಟ್ಟರು. "ಇದು ನಿಮ್ಮ ಹತ್ರ ಇರಲಿ. ಸುಳ್ಳು ಹೇಳೂದು ಇದಕ್ಕ ಬರೂದಿಲ್ಲ."

ದೊಡ್ಡ ಊರಿನ ಪರೀಕ್ಷಾ ಕೇಂದ್ರದಲ್ಲಿ ವಾಚು, ಫೋನುಗಳನ್ನೆಲ್ಲ ಬಾಗಿಲಲ್ಲೇ ಒಂದು ಚೀಲಕ್ಕೆ ಹಾಕಿಸಿಕೊಂಡರು. ಅಲ್ಲಿ ಇಪ್ಪತ್ತು ಫೋನುಗಳ ನಡುವೆ ಕತ್ತಲಲ್ಲಿ ಬಿದ್ದುಕೊಂಡೆ. ನಾನು ಅಳೆಯಬೇಕಾಗಿದ್ದ ಅತಿ ಮುಖ್ಯವಾದ ಹೊತ್ತನ್ನು ನಾನು ಅಳೆಯಲಿಲ್ಲ. ಅದು ಬೇಸರವೇ.

ಸಂಜೆ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಅವರು ಮೇಡಂಗೆ ಫೋನು ಹಚ್ಚಿದಾಗ ಕಿಸೆಯೊಳಗಿಂದ ಎಲ್ಲ ಕೇಳಿಸಿಕೊಂಡೆ.

"ಮೇಡಂ, ಮೂರು ಸಲ ಅಂದೆ."

"ಏನಂದ್ರಿ?"

"ತಿಳೀಲಿಲ್ಲ ಅಂತ. ಒಂದು ಅಡಿಗಿಮನಿ ಫೋಟೋ ಕೊಟ್ಟು ವರ್ಣನಾ ಮಾಡು ಅಂದ್ರು. ಬಾಯಿ ತನ್ನಷ್ಟಕ್ಕ ಗ್ವಾಡಿ ಎತ್ತರ ಎಷ್ಟು ಫೂಟು ಅಂತ ಶುರು ಮಾಡಿತ್ರೀ! ಹಿಡದು ನಿಲ್ಲಿಸಿದೆ. ಆಮ್ಯಾಲ ಪರೀಕ್ಷೆ ತಗೊಳ್ಳೂ ಹೆಣ್ಣಮಗಳು ಒಂದು ಪ್ರಶ್ನೆ ಕೇಳಿದ್ರು, ತಿಳೀಲಿಲ್ಲ. ಅಂದೆ. ಮತ್ತ ಹೇಳಿದ್ರು, ಮತ್ತ ತಿಳೀಲಿಲ್ಲ. ಅಂದೆ. ಮೂರನೇ ಸಲಾನೂ ಅದನ್ನೇ ಅಂದಾಗ ಅವರು ನಕ್ಕು, ಬ್ಯಾರೆ ಮಾತಿನ್ಯಾಗ ಕೇಳಿದ್ರು. ನಿಮ್ಮ ಮನ್ಯಾಗ ಅಡಿಗಿ ಯಾರಿಂದ ಕಲಿತ್ರಿ ಅಂತ."

"ಏನ್ ಹೇಳಿದ್ರಿ?"

"ನಮ್ಮವ್ವನ ಬಗ್ಗೆ ಹೇಳಿದೆ. ಅದು ನಾ ಎಲ್ಲೂ ಬಾಯಿಪಾಠ ಮಾಡಿದ್ದಿಲ್ಲ ಮೇಡಂ."

"ನಿಲ್ರಿ, ಆ ಕಾಲಂನಾಗ ಮೂರು ಅಂತ ಬರಕೋತೀನಿ," ಎಂದರು ಮೇಡಂ.

ಫಲಿತಾಂಶಕ್ಕೆ ಸುಮಾರು ಮೂರು ತಿಂಗಳು ಕಾಯಬೇಕಾಯಿತು. ಕೇಳುವುದೂ ಮಾತಾಡುವುದೂ ಸೇರಿ ಐವತ್ತಕ್ಕೆ ಮೂವತ್ತು ಬೇಕಿತ್ತು, ಬಂದದ್ದು ಮೂವತ್ತೊಂದೂವರೆ. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ 'ಅಪ್ತೊ', ಪಾಸು ಎಂದು. ರಜಿಯಾ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಒಂದೂವರೆ ಹೆಚ್ಚಿಗೆ ಬಂದಾವು, ಆ ಒಂದೂವರೆ ನಂದು" ಎಂದರು. ಅದನ್ನು ಯಾರೂ ಅಲ್ಲಗಳೆಯಲಿಲ್ಲ.

ಡಿಸೆಂಬರಿನಲ್ಲಿ ಮೊದಲ ತಂಡ ಬಂತು. ಆ ಬೆಳಿಗ್ಗೆ ಬಂದೇನವಾಜ ಗಾಬರಿಯಲ್ಲಿ ನನಗೆ ಕೀಲಿ ಕೊಟ್ಟರು, ಕೊಟ್ಟರು, ಇನ್ನೂ ಕೊಟ್ಟರು. ಹೊಟ್ಟೆಯೊಳಗೆ ಟಕ್ ಎಂದಿತು. ಮೂವತ್ತೈದು ವರ್ಷ ದಾಟಿದ ಸ್ಪ್ರಿಂಗು ತುಂಡಾಯಿತು. ಹಾಗೆ ನಿಂತ ಮುಳ್ಳಿನೊಂದಿಗೇ ಅವರ ಕಿಸೆಯಲ್ಲಿ ಕುಳಿತು ನಾನು ಆ ದಿನವಿಡೀ ಕೇಳಿದೆ. ಇಪ್ಪತ್ತೆಂಟು ಮಂದಿಗೆ ಅವರು ತಮ್ಮ ಊರನ್ನು ತಮ್ಮ ಬಾಯಿಂದ ಹೇಳಿದರು. ಪರದೇಶದ ಮಾತಿನಲ್ಲಿ, ವಿಜಯಪುರದ ಗತ್ತಿನಲ್ಲಿ. ಜನ ನಕ್ಕಲ್ಲಿ ಅವರು ನಿಂತರು, ಜನ ಪ್ರಶ್ನೆ ಕೇಳಿದಲ್ಲಿ ನಿಂತರು. ಒಬ್ಬ ಅಜ್ಜಿ, ಇಷ್ಟು ದೊಡ್ಡದು ಕಟ್ಟುವಾಗ ಕೆಲಸದವರಿಗೆ ಅಡುಗೆ ಮಾಡುತ್ತಿದ್ದವರು ಯಾರು ಎಂದು ಕೇಳಿದರು. ಇಪ್ಪತ್ತಮೂರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

"ಗೊತ್ತಿಲ್ಲ," ಎಂದರು ಬಂದೇನವಾಜ, ಅಜ್ಜಿಯದೇ ಭಾಷೆಯಲ್ಲಿ. "ಹುಡುಕಿ ನಿಮಗೆ ಬರೆದು ತಿಳಿಸುತ್ತೇನೆ." ಅಜ್ಜಿ ತಕ್ಷಣ ವಿಳಾಸ ಬರೆದುಕೊಟ್ಟರು. ತಂಡದವರು ಮುಂದಿನ ಮಜಲು ಹತ್ತಲು ಬಂದೇನವಾಜರ ಹಿಂದೆಯೇ ಹೊರಟರು.

ನನ್ನನ್ನು ದುರಸ್ತಿ ಮಾಡುವವರು ಈಗ ಈ ಊರಲ್ಲಿಲ್ಲ. ನಾನು ಬಂದೇನವಾಜರ ಮನೆಯ ಕಿಟಕಿ ಪಕ್ಕದ ಮೇಜಿನ ಮೇಲಿದ್ದೇನೆ. ನನ್ನ ಕೆಳಗೆ ಒಂದು ಹೊಸ ನೋಟ್‌ಬುಕ್ಕಿದೆ. ಪ್ರವಾಸಿಗರು ಕೇಳಿದ, ಬಂದೇನವಾಜರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಅದರಲ್ಲಿವೆ. ಭಾನುವಾರ ಅಂಬುಜಾ ಮೇಡಂ ಬರುತ್ತಾರೆ. ಇಬ್ಬರೂ ಗ್ರಂಥಾಲಯದಿಂದ ತಂದ ದಪ್ಪ ಪುಸ್ತಕಗಳನ್ನು ಹರವಿಕೊಂಡು ಕೂರುತ್ತಾರೆ, ಜಗಳವಾಡುತ್ತಾರೆ, ಚಹಾ ಆರಿಹೋಗುತ್ತದೆ. ಹನ್ನೊಂದು ಪ್ರಶ್ನೆಗೆ ಉತ್ತರ ಸಿಕ್ಕಿದೆ. ಅಡುಗೆಯವರ ಪ್ರಶ್ನೆಗೆ ಇನ್ನೂ ಸಿಕ್ಕಿಲ್ಲ. ಅರವತ್ತು ದಾಟಿದ ಆ ಪಟ್ಟಿ ದಿನೇ ದಿನೇ ಬೆಳೆಯುತ್ತಿದೆ, ಬೆಳೆದಷ್ಟೂ ಆ ಮನುಷ್ಯ ತಲೆ ಎತ್ತಿ ನಡೆಯುತ್ತಿದ್ದಾರೆ. ಇದನ್ನು ಅಳೆಯುವ ಮುಳ್ಳು ನನ್ನಲ್ಲಿ ಎಂದೂ ಇರಲಿಲ್ಲ. ಕಿಟಕಿಯಿಂದ ಗಾಳಿ ಬಂದಾಗ ಆ ಹಾಳೆಗಳು ಹಾರಿಹೋಗದಂತೆ ನನ್ನ ಭಾರವನ್ನೆಲ್ಲ ಬಿಟ್ಟು ಕೂರುತ್ತೇನೆ.