ಗುರುವಾರದ ಗುಂಡಿ

ಸೂಜಿಯ ಕಣ್ಣಿಗೆ ದಾರ ಮೂರನೇ ಸಲವೂ ತಪ್ಪಿತು. ತಂಗಿ ಎಳೆಯ ತುದಿಯನ್ನು ನಾಲಗೆಗೆ ತಾಗಿಸಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿದಳು. ಬೆನ್ನ ಹಿಂದೆ ಮಂಚದ ಮೇಲೆ ಅಕ್ಕ ತನ್ನ ಬೂದು ಸ್ವೆಟರ್ ತೊಟ್ಟು ಮಲಗಿದ್ದಳು. ಸ್ವೆಟರಿನಲ್ಲಿ ಮೇಲಿನಿಂದ ಎರಡನೆಯ ಗುಂಡಿ ಇರಲಿಲ್ಲ.

"ಒಂದು ಗುಂಡಿಗೆ ಇಷ್ಟು ಹೊತ್ತಾ ಪುಟ್ಟಿ?" ಬಾಗಿಲಲ್ಲಿ ಅಣ್ಣ ನಿಂತಿದ್ದ. ತಂಗಿಗೆ ಐವತ್ತೆಂಟು ತುಂಬಿದ್ದರೂ ಅವನ ಬಾಯಲ್ಲಿ ಅವಳು ಪುಟ್ಟಿಯೇ. "ಒಂದು ಗಂಟೆಗೆ ಚಿತಾಗಾರದಲ್ಲಿ ನಮ್ಮ ಪಾಳಿ. ತಪ್ಪಿದ್ರೆ ಇನ್ನು ಸಂಜೇನೇ ಅಂತೆ. ಬೇರೆ ಬಟ್ಟೆ ಇರಲಿಲ್ವಾ? ಜನ ಏನಂತಾರೆ?"

"ಜನ ಏನಂತಾರೆ ಅಂತ ಕೇಳಿದ್ರೆ ಅವಳು ಆ ಕೆಲಸಕ್ಕೇ ಸೇರ್ತಿರಲಿಲ್ಲ."

ಆ ಕೆಲಸ ಏನೆಂದು ಅಣ್ಣನಿಗೆ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ಹೇಳಲು ಬಂದಿರಲಿಲ್ಲ. ನೆಂಟರು ಕೇಳಿದರೆ, "ಮಾನಸಿಕ ಆಸ್ಪತ್ರೆಯಲ್ಲಿ. ಡಾಕ್ಟರಲ್ಲ. ನರ್ಸೂ ಅಲ್ಲ. ಪಾಠ ಮಾಡ್ತಾಳೆ, ಆದ್ರೆ ಮೇಷ್ಟ್ರು ಅಂತಲೂ ಅಲ್ಲ" ಎಂದು ಅಲ್ಲ ಅಲ್ಲಗಳಲ್ಲೇ ಅಕ್ಕನನ್ನು ಮುಗಿಸಿಬಿಡುತ್ತಿದ್ದ. ಅಕ್ಕ ಮನೋವೈದ್ಯಕೀಯ ಸಮಾಜಕಾರ್ಯದ ಅಧ್ಯಾಪಕಿ. ಬೆಳಿಗ್ಗೆ ತರಗತಿ, ಮಧ್ಯಾಹ್ನ ವಾರ್ಡು, ಸಂಜೆ ರೋಗಿಗಳ ಮನೆ ಹುಡುಕಿಕೊಂಡು ಬೀದಿ ಸುತ್ತುವುದು. ಕಾಯಿಲೆಗೆ ಔಷಧಿ ಡಾಕ್ಟರು ಬರೆಯುತ್ತಿದ್ದರು. ಗುಣವಾದವರನ್ನು ವಾಪಸ್ ಕರೆದುಕೊಳ್ಳಿ ಎಂದು ಮನೆಯವರ ಬಾಗಿಲು ಬಡಿಯುವುದು ಇವಳ ಪಾಲು. ತಂಗಿಯೋ, ಮಕ್ಕಳ ರೇಡಿಯೋ ಕಾರ್ಯಕ್ರಮಕ್ಕೆ ದನಿ ಕೊಡುತ್ತಿದ್ದವಳು. ಕಾಗೆ, ಕೋತಿ, ಕೋಪಿಷ್ಠ ರಾಜ ಎಲ್ಲವೂ ಅವಳ ಗಂಟಲಲ್ಲಿದ್ದವು. ರಾತ್ರಿ ಊಟಕ್ಕೆ ಕೂತಾಗ ಆಸ್ಪತ್ರೆಯ ದೊಡ್ಡವರನ್ನೆಲ್ಲ ಅಣಕಿಸಿ ಅಕ್ಕನನ್ನು ನಗಿಸುವುದು ಅವಳ ಪಾಲು.

ಕಳೆದುಹೋದ ಗುಂಡಿ ಬೆಳಿಗ್ಗೆ ಅಕ್ಕನ ಕೈಚೀಲವನ್ನು ಬೋರಲು ಹಾಕಿದಾಗ ಸಿಕ್ಕಿತ್ತು. ಬಸ್ ಪಾಸು, ಕೆಮ್ಮಿನ ಮಾತ್ರೆ, ಮಡಚುವ ಪುಟ್ಟ ಕತ್ತರಿ, ಮತ್ತು ಕಾಗದದಲ್ಲಿ ಜೋಪಾನವಾಗಿ ಸುತ್ತಿಟ್ಟ ಬೂದು ಗುಂಡಿ. ಇಷ್ಟು ಜೋಪಾನ ಮಾಡಿದವಳು ಹೊಲಿದುಕೊಳ್ಳಬಾರದಿತ್ತೇ?

ಫೋನು ಬಡಿದುಕೊಂಡಿತು. ಮಹಿಳಾ ವಾರ್ಡಿನ ಹಿರಿಯ ನರ್ಸ್.

"ಮೇಡಂ, ಇಂಥ ಹೊತ್ತಲ್ಲಿ ಕೇಳಬಾರದು. ನಮ್ಮ ಹನ್ನೊಂದು ಜನ ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿ, ತಲೆ ಬಾಚ್ಕೊಂಡು, ಬೆಂಚ್ ಮೇಲೆ ಸಾಲಾಗಿ ಕೂತಿದ್ದಾರೆ. ಅಕ್ಕನ್ನ ನೋಡ್ಬೇಕು ಅಂತ. ತಿಂಡಿ ಮುಟ್ಟಿಲ್ಲ."

"ಕರ್ಕೊಂಡು ಬನ್ನಿ. ಒಂದು ವ್ಯಾನ್ ಸಾಕಲ್ವಾ?"

"ಅನುಮತಿ ಕೊಡ್ತಿಲ್ಲ ಮೇಡಂ. ರಕ್ತಸಂಬಂಧಿ ಸಹಿ ಬೇಕಂತೆ. ಇವರಿಗೆ ರಕ್ತಸಂಬಂಧಿ ಇದ್ದಿದ್ರೆ ಇಲ್ಲಿ ಯಾಕೆ ಇರ್ತಿದ್ರು?" ನರ್ಸಿನ ದನಿ ಸಣ್ಣದಾಯಿತು. "ಗುಂಡಿಯಮ್ಮ ಮಾತ್ರ ಒಂದೇ ಸಮ ಕೇಳ್ತಿದ್ದಾಳೆ, ಇವತ್ತು ಗುರುವಾರ ಅಲ್ವಾ, ಅಕ್ಕ ಬರ್ಬೇಕಲ್ವಾ ಅಂತ."

ತಂಗಿ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿದಳು. ಗುಂಡಿಯನ್ನು ಮತ್ತೆ ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದಳು.

*

ಗುಂಡಿಯಮ್ಮನ ಅಣ್ಣನ ಮನೆಗೆ ಅಕ್ಕ ಹೋದ ದಿನ ಜೊತೆಗೆ ತಂಗಿಯೂ ಇದ್ದಳು. ಅದು ಹದಿನಾಲ್ಕು ವರ್ಷದ ಹಿಂದಿನ ಮಾತು. ಗುಂಡಿಯಮ್ಮ ಮೊದಲು ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದವಳು. ವಾರ್ಡಿಗೆ ಬಂದ ಮೇಲೂ ಅದನ್ನೇ ಮಾಡುತ್ತಿದ್ದುದರಿಂದ ಆ ಹೆಸರು. ಗುಣವಾಗಿ ಆಗಲೇ ಐದು ವರ್ಷವಾಗಿತ್ತು. ಕರೆದೊಯ್ಯುವವರು ಇಲ್ಲದಿರುವುದೊಂದೇ ಆಗ ಅವಳಿಗಿದ್ದ ಕಾಯಿಲೆ.

ಫೈಲಿನಲ್ಲಿದ್ದ ವಿಳಾಸದಲ್ಲಿ ಬೇರೆ ಯಾರೋ ಇದ್ದರು. ಮೂರು ಬೀದಿ, ಎರಡು ಅಂಗಡಿ, ಒಬ್ಬ ಪೋಸ್ಟ್‌ಮನ್ ದಾಟಿ ಕೊನೆಗೆ ಮನೆ ಸಿಕ್ಕಿತು. ಅಣ್ಣನೆಂಬುವನು ಕೂರಿಸಿದ, ನೀರು ಕೊಟ್ಟ, "ನಮ್ಮ ಮನೇಲಿ ಅಂಥೋರು ಯಾರೂ ಇಲ್ಲಮ್ಮ" ಎಂದ.

ಅಕ್ಕ ಗೋಡೆಯನ್ನು ನೋಡುತ್ತಿದ್ದಳು. ಅಲ್ಲೊಂದು ಹಳೆಯ ಕುಟುಂಬದ ಫೋಟೋ ಇತ್ತು. ಎಡಗಡೆಯ ಅಂಚನ್ನು ಕತ್ತರಿಯಲ್ಲಿ ನೇರವಾಗಿ ಕತ್ತರಿಸಿದ್ದರು. ಕತ್ತರಿಸಿದವರಿಗೆ ಒಂದು ಮರೆತುಹೋಗಿತ್ತು. ಅಣ್ಣನ ಹೆಗಲ ಮೇಲೆ, ಯಾರದೂ ಅಲ್ಲದ ಒಂದು ಕೈ ಹಾಗೇ ಉಳಿದಿತ್ತು.

"ಆ ಕೈ ಯಾರದು?" ಎಂದಳು ಅಕ್ಕ.

ಅವನು ಬಾಗಿಲು ತೆರೆದು ಹಿಡಿದ.

ಮರುದಿನ ಗುಂಡಿಯಮ್ಮ ಕೇಳಿದಾಗ ಅಕ್ಕ ಸುಳ್ಳು ಹೇಳಲಿಲ್ಲ. "ಮನೆ ಸಿಕ್ತು. ಮನಸ್ಸು ಸಿಗಲಿಲ್ಲ. ಇನ್ನೊಂದ್ಸಲ ಹೋಗ್ತೀನಿ" ಎಂದಳು. ಒಂಬತ್ತು ಸಲ ಹೋದಳು.

*

ಹತ್ತೂಕಾಲಿಗೆ ವಿಭಾಗದ ಮುಖ್ಯಸ್ಥರ ಕಾರು ಬಂದು ನಿಂತಿತು. ವಿದ್ಯಾರ್ಥಿಗಳ ನಡುವೆ ಅವರ ಹೆಸರು 'ಒಟ್ಟಾರೆ'. ಯಾವ ವಿಷಯಕ್ಕೂ ಒಳಗೆ ಇಳಿಯದೆ ಒಟ್ಟಾರೆಯಾಗಿ ಹೇಳಿ ಮೇಲೇಳುವುದು ಅವರ ವೈಖರಿ. ಹೂಗುಚ್ಛ ಎಷ್ಟು ದೊಡ್ಡದಿತ್ತೆಂದರೆ ಇಬ್ಬರು ವಿದ್ಯಾರ್ಥಿನಿಯರು ಹೊತ್ತು ತಂದರು. ಅದರ ಪಟ್ಟಿಯಲ್ಲಿ ವಿಭಾಗದ ಹೆಸರು ಬೆರಳುದ್ದದ ಅಕ್ಷರದಲ್ಲಿತ್ತು, ಅಕ್ಕನ ಹೆಸರು ಉಗುರುದ್ದದಲ್ಲಿ.

"ಒಟ್ಟಾರೆಯಾಗಿ ಹೇಳೋದಾದ್ರೆ ಮೇಡಂ, ತುಂಬಲಾರದ ನಷ್ಟ" ಎಂದರು ಒಟ್ಟಾರೆ.

"ಹೌದು ಸರ್. ಅವಳು ನಿವೃತ್ತಿಯಾಗಿ ಎರಡು ವರ್ಷ ಆಯ್ತು. ಹುದ್ದೆಯನ್ನೂ ಇನ್ನೂ ತುಂಬಿಲ್ಲವಂತೆ."

ಅಣ್ಣ ಕೆಮ್ಮಿದ. ತಂಗಿ ನಿಲ್ಲಿಸಲಿಲ್ಲ. "ವಾರ್ಡಿನ ಹನ್ನೊಂದು ಜನ ಕಾಯ್ತಿದ್ದಾರೆ. ನೀವು ಒಂದು ಫೋನ್ ಮಾಡಿದ್ರೆ ಬರ್ತಾರೆ."

"ಭಾವನೆ ಅರ್ಥ ಆಗುತ್ತೆ ಮೇಡಂ. ಆದ್ರೆ ನಿಯಮ. ಯಾರಾದ್ರೂ ತಪ್ಪಿಸ್ಕೊಂಡು ಹೋದ್ರೆ?"

"ಎಲ್ಲಿಗೆ ಸರ್? ಹೋಗೋಕೆ ಜಾಗ ಇದ್ದಿದ್ರೆ ಯಾವತ್ತೋ ಹೋಗ್ತಿರಲಿಲ್ವಾ?"

"ಇಂಥ ದಿನ ಮನಸ್ಸು ಸ್ತಿಮಿತದಲ್ಲಿರಲ್ಲ, ನಾನು ತಪ್ಪು ತಿಳ್ಕೊಳಲ್ಲ." ಒಟ್ಟಾರೆ ತಮ್ಮ ಕೋಟಿನ ಮುಂಭಾಗ ಸವರಿಕೊಂಡರು. ಕಡು ನೀಲಿ ಕೋಟು, ಮೂರು ಹೊಳೆಯುವ ಗುಂಡಿ. "ನಮ್ಮ ಸಭಾಂಗಣಕ್ಕೆ ಅವರ ಹೆಸರಿಡೋ ಪ್ರಸ್ತಾವ ಕಳಿಸ್ತಿದ್ದೀನಿ. ಚಿತಾಗಾರದಲ್ಲಿ ನಾನೇ ಎರಡು ಮಾತಾಡ್ತೀನಿ."

*

ಎಂಟು ವರ್ಷದ ಹಿಂದೆ ಇದೇ ಕೋಣೆಯಲ್ಲಿ ತಂಗಿ ಒಂದು ನೋಟೀಸನ್ನು, ಅದಕ್ಕೆ ದೂರು ಕೊಟ್ಟಿದ್ದ ಒಟ್ಟಾರೆಯ ದನಿಯಲ್ಲಿ, ಮೂಗಿನಿಂದ ಓದಿದ್ದಳು. "ತಾವು ವಾರ್ಡಿನ ರೋಗಿಯೊಬ್ಬರಿಂದ ಪ್ರತಿ ವಾರ ಸ್ವಂತ ಉಡುಪಿನ ದುರಸ್ತಿ ಮಾಡಿಸಿಕೊಂಡು, ವೃತ್ತಿಪರ ಅಂತರವನ್ನು ಉಲ್ಲಂಘಿಸಿರುವುದು ಗಮನಕ್ಕೆ ಬಂದಿದೆ."

ಅಕ್ಕ ಬಿದ್ದು ಬಿದ್ದು ನಕ್ಕಳು.

"ಉತ್ತರ ಬರಿ ಅಕ್ಕ. ಒಂದು ಗುಂಡಿ ಹಚ್ಚಿಸ್ಕೊಂಡಿದ್ದಕ್ಕೆ ಬಡ್ತಿ ಕಳ್ಕೋತೀಯಾ?"

"ಬರೆಯೋಕಾಗಲ್ಲ ಕಣೆ. ಬರೆದ್ರೆ ಫೈಲು ವಾರ್ಡಿಗೆ ಹೋಗುತ್ತೆ. ಅಲ್ಲಿ ಓದೋಕೆ ಬರೋರು ಇದ್ದಾರೆ."

"ಓದಿದ್ರೆ ಏನು?"

ಅಕ್ಕ ನೋಟೀಸನ್ನು ಮಡಚಿ ಕೈಚೀಲಕ್ಕೆ ಹಾಕಿದಳು. ಮೊಂಡು ಎಂದುಕೊಂಡಳು ತಂಗಿ. ಬಡ್ತಿ ಒಟ್ಟಾರೆಗೆ ಹೋಯಿತು. ಮರುವರ್ಷ ಅಕ್ಕ ಆರು ವರ್ಷ ಕೂತು ಬರೆದಿದ್ದ 'ಮನೆಭೇಟಿ: ಕೈಪಿಡಿ' ಅಚ್ಚಾಗಿ ಬಂತು. ಮೊದಲ ಹೆಸರು ಒಟ್ಟಾರೆಯದು, ದಪ್ಪಕ್ಷರದಲ್ಲಿ. ಅಕ್ಕನಿಗೆ ಮುನ್ನುಡಿಯಲ್ಲಿ ಕೃತಜ್ಞತೆ ಇತ್ತು.

*

ಶವವಾಹನದ ಚಾಲಕ ಕೀಲಿ ತಿರುಗಿಸಿದ. "ಸೀದಾ ಚಿತಾಗಾರಕ್ಕಲ್ವಾ ಅಮ್ಮ?"

ತಂಗಿ ಮುಂದಿನ ಸೀಟಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಅಕ್ಕನ ಕೈಚೀಲ. ಗಡಿಯಾರ ನೋಡಿದಳು. ಹತ್ತೂ ಐವತ್ತು.

"ಮಾನಸಿಕ ಆಸ್ಪತ್ರೆಗೆ."

"ಅಮ್ಮ, ಆಸ್ಪತ್ರೆಯಿಂದ ಚಿತಾಗಾರಕ್ಕೆ ಎಷ್ಟೋ ಜನರನ್ನ ಬಿಟ್ಟಿದ್ದೀನಿ. ವಾಪಸ್ ಆಸ್ಪತ್ರೆಗೆ ಯಾರೂ ಹೇಳಿಲ್ಲ."

"ಪುಟ್ಟಿ, ಏನಿದು?" ಹಿಂದಿನಿಂದ ಅಣ್ಣ.

"ಅವರಿಗೆ ಹೊರಗೆ ಬರೋಕೆ ಅನುಮತಿ ಇಲ್ಲ. ಇವಳಿಗೆ ಒಳಗೆ ಹೋಗೋಕೆ ಯಾರ ಅನುಮತಿ ಬೇಕು?"

ಅಣ್ಣ ತನ್ನ ಪಕ್ಕ ಉದ್ದಕ್ಕೆ ಮಲಗಿದ್ದ ಅಕ್ಕನನ್ನು ನೋಡಿದ. ಚಾಲಕನಿಗೆ ಹೊರಡು ಎಂದು ಕೈ ಮಾಡಿದ.

ಗೇಟಿನ ಕಾವಲುಗಾರ ಎದ್ದು ಬಂದು ಗಾಜಿನೊಳಗೆ ಇಣುಕಿ, ಟೋಪಿ ತೆಗೆದ. ಆಮೇಲೆ ತನ್ನ ಮೇಜನ್ನೂ ವಾಹನವನ್ನೂ ನೋಡಿ ಕಂಗಾಲಾದ. "ದೇಹ ಹೊರಗೆ ಬಿಡೋಕೆ ಮೂರು ಫಾರಂ ಇದೆ ಮೇಡಂ. ಒಳಗೆ ಬಿಡೋಕೆ ಒಂದೂ ಇಲ್ಲ."

"ಬೋರ್ಡಿನಲ್ಲಿ ಏನಿದೆ? ಗುರುವಾರ ಹನ್ನೊಂದರಿಂದ ಹನ್ನೆರಡು, ಸಂದರ್ಶಕರು. ಸಂದರ್ಶಕರ ಪುಸ್ತಕ ಕೊಡಿ."

ಪುಸ್ತಕ ತೆರೆದರೆ ಕಳೆದ ಗುರುವಾರದ ಪುಟ. ನಿವೃತ್ತಿಯ ಮೇಲೆ ನೌಕರರ ಕಾರ್ಡು ವಾಪಸ್ ಕೊಟ್ಟ ಅಕ್ಕ, ತಾನು ಮೂವತ್ತೊಂದು ವರ್ಷ ನಡೆದಾಡಿದ ಆಸ್ಪತ್ರೆಗೆ ಈ ಪುಸ್ತಕದಲ್ಲಿ ಹೆಸರು ಬರೆದು ಹೋಗುತ್ತಿದ್ದಳು. ರೋಗಿಗೆ ಏನಾಗಬೇಕು ಎಂಬ ಕಡೆ ಪ್ರತಿ ವಾರವೂ 'ಅಕ್ಕ' ಎಂದಿತ್ತು. ಕಳೆದ ವಾರದ ಸಾಲಿನಲ್ಲಿ ಆ ಪದದ ಮೇಲೆ ಕೆಂಪು ಗೆರೆ.

"ಇದು ಯಾರು ಹೊಡೆದಿದ್ದು?"

ಕಾವಲುಗಾರ ನೆಲ ನೋಡಿದ. "ನಾನೇ. ಆವತ್ತು ಬೆಳಿಗ್ಗೆ ಒಟ್ಟಾರೆ ಸಾಹೇಬ್ರ ಆದೇಶ ಬಂತು, ನಿಜವಾದ ಸಂಬಂಧಿಕರನ್ನ ಮಾತ್ರ ಬಿಡ್ಬೇಕು ಅಂತ. ಮೇಡಂ ಎಂದಿನ ಹಾಗೆ ಬಂದು, ಈ ಬೆಂಚ್ ಮೇಲೆ ಕೂತು, ಗುಂಡಿ ಕತ್ತರಿಸ್ಕೊಂಡು ಎದ್ರು. ನಾನು ಆದೇಶ ತೋರಿಸ್ದೆ. ಗುಂಡೀನ ಕಾಗದದಲ್ಲಿ ಸುತ್ಕೊಂಡು ತಿರುಗಿ ಹೋದ್ರು."

"ಏನು ಕತ್ತರಿಸ್ಕೊಂಡು?"

"ಗುಂಡಿ. ಪ್ರತಿ ಗುರುವಾರ. ಪುಟ್ಟ ಕತ್ತರಿ ತೆಗೆದು ತಮ್ಮ ಸ್ವೆಟರ್ ಗುಂಡಿ ತಾವೇ ಕತ್ತರಿಸೋರು. ಒಳಗೆ ಹೋಗೋವಾಗ ಒಂದು ಇರ್ತಿರಲಿಲ್ಲ, ಹೊರಗೆ ಬರೋವಾಗ ಇರ್ತಿತ್ತು." ಅವನು ಸಂಕೋಚದಿಂದ ತಲೆ ಕೆರೆದ. "ಒಳಗಿರೋರೆಲ್ಲ ಸರಿ ಇದ್ದಾರೆ, ಇವರಿಗೇ ಏನೋ ಆಗಿದೆ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು. ಒಳಗೆ ಒಬ್ಬಳಿಗೆ ಕೆಲಸ ಬೇಕಿತ್ತು."

ತಂಗಿಗೆ ಎಂಟು ವರ್ಷದ ಹಿಂದೆ ಸಿಗದ ಉತ್ತರ ಈಗ ಸಿಕ್ಕಿತು. ಆ ಉತ್ತರವನ್ನು ಕಾಗದದ ಮೇಲೆ ಬರೆದಿದ್ದರೆ ಅಕ್ಕನಿಗೆ ಬಡ್ತಿ ಸಿಗುತ್ತಿತ್ತು. ತಾನು ಹೊಲಿದದ್ದೆಲ್ಲ ಸುಳ್ಳು ಹರುಕು ಎಂದು ಗುಂಡಿಯಮ್ಮನಿಗೆ ತಿಳಿಯುತ್ತಿತ್ತು. ತಂಗಿ ಪೆನ್ನು ಹಿಡಿದು ಹೊಸ ಸಾಲಿನಲ್ಲಿ ಅಕ್ಕನ ಹೆಸರು ಬರೆದಳು. ಯಾರನ್ನು ನೋಡಲು: ಮಹಿಳಾ ವಾರ್ಡಿನ ಎಲ್ಲರನ್ನೂ. ಏನಾಗಬೇಕು: ಅಕ್ಕ. ಪೆನ್ನಿನ ಒತ್ತಿಗೆ ಕಾಗದ ಹರಿಯಿತು.

ಹಿಂದೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಒಟ್ಟಾರೆ ದಾಪುಗಾಲು ಹಾಕುತ್ತ ಬಂದರು. "ಮೇಡಂ, ದಾರಿ ತಪ್ಪಿದ್ದೀರಿ. ಶವವನ್ನ ವಾರ್ಡಿಗೆ ಒಯ್ಯೋಕೆ ಯಾರು ಹೇಳಿದ್ದು?"

"ನೀವೇ ಸರ್. ನಿಮ್ಮ ಪುಸ್ತಕ, ಮೂರನೇ ಅಧ್ಯಾಯ, ಮೊದಲ ಸಾಲು." ತಂಗಿ ಗಂಟಲು ಸರಿಮಾಡಿಕೊಂಡಳು. ಹೊರಬಂದ ದನಿ ಅವರದೇ, ಮೂಗಿನ ತಿರುವು ಸಮೇತ. "ಒಟ್ಟಾರೆಯಾಗಿ ಹೇಳೋದಾದ್ರೆ, ಅವರು ನಮ್ಮ ಬಳಿ ಬರಲಾಗದಿದ್ದರೆ ನಾವೇ ಅವರ ಬಳಿ ಹೋಗತಕ್ಕದ್ದು. ಕಾರಣ ಯಾವುದೇ ಇರಲಿ."

ಕಾರಿನೊಳಗಿದ್ದ ವಿದ್ಯಾರ್ಥಿನಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಕಾವಲುಗಾರ ಯಾರನ್ನೂ ಕೇಳದೆ ಗೇಟಿನ ಎರಡೂ ಬಾಗಿಲು ತೆರೆದ.

ವಾರ್ಡಿನ ಅಂಗಳದಲ್ಲಿ ವಾಹನ ನಿಂತಿತು. ಹಿಂದೆಯೇ ಒಟ್ಟಾರೆಯೂ ಬಂದರು. ನೀಲಿ ಅಂಗಿಯ ಹನ್ನೊಂದು ಹೆಂಗಸರು ಸಾಲು ಮುರಿಯದೆ ಬಂದರು. ಒಬ್ಬಳು ಅಕ್ಕನ ಪಾದ ಮುಟ್ಟಿ, "ತಣ್ಣಗಿದೆ, ಕಾಲುಚೀಲ ಹಾಕಿಲ್ವಾ?" ಎಂದು ಅಣ್ಣನನ್ನು ಗದರಿದಳು. ಅಣ್ಣ "ತಪ್ಪಾಯ್ತಮ್ಮ" ಎಂದ. ಅಷ್ಟು ವರ್ಷದಲ್ಲಿ ಅಕ್ಕನ ವಿಷಯದಲ್ಲಿ ಅವನು ಮೊದಲ ಸಲ 'ಅಲ್ಲ' ಎನ್ನದೆ ಮಾತಾಡಿದ್ದ.

ಕೊನೆಗೆ ಗುಂಡಿಯಮ್ಮ. ಬೆಳ್ಳಗಿನ ಮೋಟುಜಡೆ, ಸಣ್ಣ ದೇಹ. ಅವಳು ಮುಖ ನೋಡಲಿಲ್ಲ. ಸೀದಾ ಸ್ವೆಟರಿನ ಎರಡನೆಯ ಗುಂಡಿಯ ಜಾಗಕ್ಕೆ ಬೆರಳಿಟ್ಟಳು. ತಂಗಿ ಕಾಗದ ಬಿಚ್ಚಿ ಗುಂಡಿ ಕೊಟ್ಟಳು. ನರ್ಸ್ ಒಟ್ಟಾರೆಯ ಕಡೆ ಒಮ್ಮೆ ನೋಡಿ, ಜೇಬಿನಿಂದ ಸೂಜಿ ದಾರ ಕೊಟ್ಟಳು. ಗುಂಡಿಯಮ್ಮ ಒಂದೇ ಏಟಿಗೆ ದಾರ ಪೋಣಿಸಿದಳು.

"ಸಡಿಲ ಆಗಿ ಬಿದ್ದುಹೋಗಿತ್ತು" ಎಂದಳು ತಂಗಿ, ಅಕ್ಕನ ಪರವಾಗಿ.

"ಸುಳ್ಳು ಹೇಳ್ಬೇಡಿ. ನಿಮ್ಮಕ್ಕನಿಗೂ ಹೇಳೋಕೆ ಬರ್ತಿರಲಿಲ್ಲ." ಸೂಜಿ ಕೆಳಗಿಳಿಯಿತು, ಮೇಲೆ ಬಂತು. "ಬಿದ್ದುಹೋದ ದಾರ ಹಿಂಜಿರುತ್ತೆ. ಕತ್ತರಿಸಿದ್ದು ನೇರ ಇರುತ್ತೆ. ಮೊದಲ ವಾರವೇ ಗೊತ್ತಾಯ್ತು ನಂಗೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಕ್ಕ ನೊಂದ್ಕೊಳ್ಳೋರು. ಅಷ್ಟು ಕಷ್ಟಪಟ್ಟು ಕತ್ತರಿಸ್ಕೊಂಡು ಬರ್ತಿದ್ರು."

ಒಟ್ಟಾರೆ ಕೈಗಡಿಯಾರ ನೋಡಿಕೊಂಡರು. "ಮೇಡಂ, ಚಿತಾಗಾರದಲ್ಲಿ ಜನ ಕಾಯ್ತಿರ್ತಾರೆ."

"ಕಾಯಲಿ ಸರ್. ಇವರು ಹತ್ತೊಂಬತ್ತು ವರ್ಷ ಕಾದಿದ್ದಾರೆ."

ಗುಂಡಿಯಮ್ಮ ದಾರ ಕಚ್ಚಿ ಕತ್ತರಿಸಲು ಬಾಗಿದಳು. ಅವಳ ಕೆನ್ನೆ ಅಕ್ಕನ ಎದೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತು. ಎದ್ದವಳು ವಾರ್ಡಿನ ನಿಯಮದಂತೆ ಸೂಜಿಯನ್ನು ನರ್ಸಿಗೆ ವಾಪಸ್ ಒಪ್ಪಿಸಿ ಕೇಳಿದಳು. "ಮುಂದಿನ ಗುರುವಾರ ಯಾರು ಬರ್ತಾರೆ?"

ಎಲ್ಲರ ಕಣ್ಣೂ ಒಂದೊಂದಾಗಿ ಒಟ್ಟಾರೆಯ ಕಡೆ ಹೋಯಿತು. ಅವರು ಗಂಟಲು ಸರಿಮಾಡಿಕೊಂಡರು. "ಒಟ್ಟಾರೆಯಾಗಿ ಹೇಳೋದಾದ್ರೆ..."

ತಂಗಿ ಅಕ್ಕನ ಕೈಚೀಲದಿಂದ ಮಡಚಿದ ಪುಟ್ಟ ಕತ್ತರಿ ತೆಗೆದು ಬಿಡಿಸಿದಳು. ಅವರ ಹತ್ತಿರ ಹೋಗಿ, ನೀಲಿ ಕೋಟಿನ ನಡುವಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಅವರ ಬಾಯಿ ಮುಚ್ಚುವುದರೊಳಗೆ ಕತ್ತರಿಸಿದಳು. ಗುಂಡಿಯಮ್ಮನ ಅಂಗೈಯಲ್ಲಿಟ್ಟಳು.

ಗುಂಡಿಯಮ್ಮ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು. ಕೋಟಿನ ಕಡೆಗೂ ಬಾಗಿ ನೋಡಿದಳು.

"ನೇರವಾಗಿದೆ" ಎಂದು ಅದನ್ನು ತನ್ನ ಜೇಬಿಗೆ ಹಾಕಿಕೊಂಡಳು. ಒಟ್ಟಾರೆ ತೆರೆದುಕೊಂಡ ಕೋಟನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಅಂಗಳದ ನಡುವೆ ನಿಂತಿದ್ದರು. ಅವರ ಬೆರಳ ಸಂದಿಯಿಂದ ಒಂದು ಎಳೆ ದಾರ ಹೊರಗೆ ಬಂದು ಗಾಳಿಗೆ ಅಲ್ಲಾಡುತ್ತಿತ್ತು.